ಬೀಜ, ಬಸವನಹುಳು, ಕೋಳಿಮೊಟ್ಟೆ: ಭ್ರೂಣ ಬೆಳೆಯುವುದನ್ನು ಕಣ್ಣಾರೆ ನೋಡುವುದು ಹೇಗೆ?

ಭ್ರೂಣ ಅಂದ ತಕ್ಷಣ ನೆನಪಾಗುವುದು ಆಸ್ಪತ್ರೆಯ ಸ್ಕ್ಯಾನಿಂಗ್ ಚಿತ್ರ, ಅಲ್ವಾ? ಆದರೆ ಒಂದು ಶೇಂಗಾ ಬೀಜ ಬಿಡಿಸಿದರೂ ಒಳಗೆ ಭ್ರೂಣ ಸಿಗುತ್ತದೆ. ಕೊಳದಲ್ಲಿ ಎಲೆಯ ಅಡಿಗೆ ಅಂಟಿಕೊಂಡ ಲೋಳೆಯಲ್ಲೂ ಸಿಗುತ್ತದೆ. ನೋಡುವುದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಒಳ್ಳೆಯ ಭೂತಕನ್ನಡಿ, ಒಂದು ಟಾರ್ಚ್, ಒಂದು ಗಾಜಿನ ಜಾಡಿ, ಒಂದು ನೋಟ್‌ಬುಕ್ ಸಾಕು. ಶಾಲೆಯ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು.

ಉದ್ದಕ್ಕೂ ಒಂದೇ ಪ್ರಶ್ನೆ ತಲೆಯಲ್ಲಿರಲಿ. ಇಲ್ಲಿ ಜೀವಕೋಶಗಳು ಇದ್ದ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತವೆಯೇ, ಇಲ್ಲವೇ? ಪ್ರಾಣಿಗಳ ಭ್ರೂಣದಲ್ಲಿ ಹೋಗುತ್ತವೆ. ಗಿಡದ ಭ್ರೂಣದಲ್ಲಿ ಹೋಗುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರುವಾಗುತ್ತವೆ.

ಹೆಜ್ಜೆ 1: ಬೀಜ ನೆನೆಸಿ, ಬಿಡಿಸಿ

ಹುರಿಯದ ಶೇಂಗಾ, ದಪ್ಪ ಬೀನ್ಸ್ ಬೀಜ ಮತ್ತು ಮೆಕ್ಕೆಜೋಳದ ಕಾಳುಗಳನ್ನು ರಾತ್ರಿ ನೀರಿಗೆ ಹಾಕಿಡಿ. ಬೆಳಿಗ್ಗೆ ಉಬ್ಬಿರುತ್ತವೆ. ಬೀನ್ಸ್ ಬೀಜದ ಒಂದು ಬದಿಯಲ್ಲಿ ಸಣ್ಣ ಕಲೆ ಇರುತ್ತದೆ. ಬೀಜ ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಅದರ ಪಕ್ಕದಲ್ಲೇ ಸೂಜಿಮೊನೆಯಷ್ಟು ರಂಧ್ರವಿದೆ. ಬೀಜವನ್ನು ಮೆಲ್ಲಗೆ ಒತ್ತಿದರೆ ಅಲ್ಲಿಂದ ನೀರು ಜಿನುಗುವುದು ಕಾಣಬಹುದು.

ಸಿಪ್ಪೆ ತೆಗೆದು ಎರಡು ಬೇಳೆಯಾಗಿ ಬಿಡಿಸಿ. ಒಂದು ಬೇಳೆಯ ತುದಿಯಲ್ಲಿ ಪುಟ್ಟ ಕುಡಿಯೊಂದು ಅಂಟಿಕೊಂಡಿರುತ್ತದೆ. ಭೂತಕನ್ನಡಿ ಹಿಡಿದರೆ ಮಡಚಿಕೊಂಡ ಎರಡು ಎಲೆಗಳು ಸ್ಪಷ್ಟವಾಗಿ ಕಾಣುತ್ತವೆ, ನರಗಳ ಸಮೇತ. ಇನ್ನೊಂದು ತುದಿಯಲ್ಲಿ ಮೊನಚಾಗಿರುವುದು ಬೇರಾಗುವ ಭಾಗ. ಬೇಳೆಗಳೂ ಭ್ರೂಣದ್ದೇ ಅಂಗ ಎನ್ನುವುದನ್ನು ಅನೇಕರು ಮರೆಯುತ್ತಾರೆ. ಅವು ಗಿಡದ ಮೊದಲ ಎಲೆಗಳು, ಆಹಾರ ತುಂಬಿಕೊಂಡು ಊದಿಕೊಂಡಿವೆ ಅಷ್ಟೇ. ಅಂದರೆ ಶೇಂಗಾದಲ್ಲಿ ಸಿಪ್ಪೆ ಬಿಟ್ಟರೆ ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಭ್ರೂಣವೇ.

ಮೆಕ್ಕೆಜೋಳದಲ್ಲಿ ಹಾಗಲ್ಲ. ನೆನೆದ ಕಾಳನ್ನು ಉದ್ದಕ್ಕೆ ಸೀಳಿ (ಬ್ಲೇಡ್ ಕೆಲಸ ದೊಡ್ಡವರದ್ದು), ಮೇಲೆ ಒಂದು ಹನಿ ಅಯೋಡಿನ್ ಬಿಡಿ. ಪಿಷ್ಟ ಇರುವ ಭಾಗ ಕಡುನೀಲಿಯಾಗುತ್ತದೆ. ಭ್ರೂಣ ಮಾತ್ರ ಒಂದು ಮೂಲೆಯಲ್ಲಿ ತಿಳಿಬಣ್ಣದಲ್ಲೇ ಉಳಿಯುತ್ತದೆ. ಆ ನೀಲಿ ಭಾಗದ ಹುಟ್ಟು ವಿಚಿತ್ರ. ಹೂವಿನಲ್ಲಿ ಪರಾಗದ ನಳಿಕೆ ಎರಡು ಗಂಡು ಕೋಶಗಳನ್ನು ತರುತ್ತದೆ. ಒಂದು ಅಂಡದ ಜೊತೆ ಸೇರಿ ಭ್ರೂಣಕ್ಕೆ ನಾಂದಿಯಾಗುತ್ತದೆ. ಇನ್ನೊಂದು ಬೇರೆ ಎರಡು ಕೋಶಕೇಂದ್ರಗಳ ಜೊತೆ ಸೇರಿ ಈ ಆಹಾರದ ಗಂಟಾಗುತ್ತದೆ. ಈ ಜೋಡಿ ಕೂಡಿಕೆಯನ್ನು 1898ರಲ್ಲಿ ರಷ್ಯಾದ ಸೆರ್ಗೈ ನವಾಶಿನ್ ಕಂಡುಹಿಡಿದರು.

ಹೆಜ್ಜೆ 2: ಬೀಜದ ಹಿಂದಿನ ಕಥೆಯನ್ನೂ ಹುಡುಕಿ

ನೀವು ಬಿಡಿಸಿ ನೋಡಿದ್ದು ಸಿದ್ಧವಾದ ಭ್ರೂಣ. ಅದು ಆದದ್ದು ಹೂವು ಉದುರಿದ ಮೇಲೆ, ಎಳೆ ಕಾಯಿಯೊಳಗೆ. ಹಾಗಾಗಿ ಒಂದೇ ಗಿಡದಿಂದ ಬೇರೆ ಬೇರೆ ವಯಸ್ಸಿನ ಬೀನ್ಸ್ ಕಾಯಿ ಕಿತ್ತು, ಸಾಲಾಗಿ ಇಟ್ಟು ಬಿಡಿಸಿ. ತೀರಾ ಎಳೆಯದರಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಸ್ವಲ್ಪ ಬಲಿತದ್ದರಲ್ಲಿ ನೀರುನೀರಾದ ಚೀಲದೊಳಗೆ ಹಸಿರು ಚುಕ್ಕೆ ಕಾಣುತ್ತದೆ. ಇನ್ನೂ ಬಲಿತದ್ದರಲ್ಲಿ ಬೇಳೆಗಳು ಬೀಜವನ್ನೆಲ್ಲ ತುಂಬಿರುತ್ತವೆ.

ಆ ಚುಕ್ಕೆಯ ಹಿಂದೆ ಬಹಳ ಲೆಕ್ಕಾಚಾರ ನಡೆದಿರುತ್ತದೆ. ಫಲಿತ ಅಂಡದ ಮೊದಲ ವಿಭಜನೆ ಸಾಮಾನ್ಯವಾಗಿ ಸಮಪಾಲಲ್ಲ. ಮೇಲೊಂದು ಚಿಕ್ಕ ಕೋಶ, ಕೆಳಗೊಂದು ದೊಡ್ಡ ಕೋಶ. ಭ್ರೂಣದ ಬಹುಪಾಲು ಬರುವುದು ಚಿಕ್ಕದರಿಂದ. ದೊಡ್ಡದರಿಂದ ಭ್ರೂಣವನ್ನು ಹಿಡಿದಿಡುವ ತೊಟ್ಟು ಬೆಳೆಯುತ್ತದೆ. ಆಮೇಲೆ ಭ್ರೂಣ ಉಂಡೆಯಾಗಿ, ನಂತರ ಹೃದಯದ ಆಕಾರಕ್ಕೆ ತಿರುಗಿ, ಕೊನೆಗೆ ಉದ್ದವಾಗುತ್ತದೆ. ಹೃದಯದ ಆಕಾರದ ಆ ಎರಡು ಉಬ್ಬುಗಳೇ ಮುಂದೆ ಬೇಳೆಗಳು.

ಇಷ್ಟೂ ಹೊತ್ತು ಒಂದೇ ಒಂದು ಕೋಶವೂ ಜಾಗ ಬದಲಿಸುವುದಿಲ್ಲ. ಪ್ರತಿ ಕೋಶಕ್ಕೂ ಗಟ್ಟಿ ಗೋಡೆಯಿದೆ. ಆ ಗೋಡೆ ಪಕ್ಕದ ಗೋಡೆಗೆ ಅಂಟಿಕೊಂಡಿದೆ. ಕಟ್ಟಡದ ಇಟ್ಟಿಗೆಗಳ ಹಾಗೆ, ಒಮ್ಮೆ ಕೂತರೆ ಮುಗಿಯಿತು. ಹಾಗಾದರೆ ಆಕಾರ ಬರುವುದು ಹೇಗೆ? ಯಾವ ದಿಕ್ಕಿಗೆ ಒಡೆಯಬೇಕು, ಯಾವ ದಿಕ್ಕಿಗೆ ಉಬ್ಬಬೇಕು ಎನ್ನುವುದರಿಂದಲೇ ಎಲ್ಲವೂ. ತುದಿ ಯಾವುದು, ಬುಡ ಯಾವುದು ಎಂದು ತೀರ್ಮಾನವಾಗುವುದರಲ್ಲಿ ಆಕ್ಸಿನ್ ಎಂಬ ಹಾರ್ಮೋನಿನ ಪಾತ್ರ ದೊಡ್ಡದು. ಅದು ಹರಿದು ಎಲ್ಲಿ ಶೇಖರವಾಗುತ್ತದೆ ಎನ್ನುವುದು ಮುಖ್ಯ.

ಬೀಜ ಬಲಿಯುತ್ತಾ ಬಂದ ಹಾಗೆ ನೀರು ಇಳಿದು ಭ್ರೂಣ ಒಣಗುತ್ತದೆ. ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಕಾಲ ಹೀಗೆ ನಿಲ್ಲಬಹುದು? ಇಸ್ರೇಲಿನ ಮಸಾಡಾ ಕೋಟೆಯ ಉತ್ಖನನದಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆಯಿತು. ಆ ಗಿಡಕ್ಕೆ ಮೆಥೂಸೆಲಾ ಎಂದು ಹೆಸರಿಟ್ಟರು.

ಹೆಜ್ಜೆ 3: ಮೊಳಕೆ ಬರಿಸಿ, ಕಾಟ ಕೊಡಿ

ಗಾಜಿನ ಜಾಡಿಯ ಒಳಗೋಡೆಗೆ ಒದ್ದೆ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ನೆನೆದ ಬೀಜ ಸಿಕ್ಕಿಸಿ. ಒಂದನ್ನು ನೆಟ್ಟಗೆ, ಒಂದನ್ನು ಅಡ್ಡ, ಒಂದನ್ನು ತಲೆಕೆಳಗಾಗಿ. ಕಾಗದ ಒಣಗಬಾರದು, ಬೀಜ ಮುಳುಗಲೂಬಾರದು. ಎಲ್ಲದರಲ್ಲೂ ಮೊದಲು ಹೊರಬರುವುದು ಬೇರು. ಹೇಗೇ ಇಟ್ಟರೂ ಅದು ತಿರುಗಿ ಕೆಳಕ್ಕೇ ಹೋಗುತ್ತದೆ. ಬೀನ್ಸ್ ಕಾಂಡ ಕೊಕ್ಕೆಯ ಹಾಗೆ ಬಾಗಿ ಬೇಳೆಗಳನ್ನು ಮೇಲಕ್ಕೆಳೆಯುತ್ತದೆ. ಮೆಕ್ಕೆಜೋಳದ ಬೇಳೆ ಕಾಳಿನೊಳಗೇ ಉಳಿಯುತ್ತದೆ. ಈ ಹೆಜ್ಜೆಗೆ ಇಷ್ಟು ಸಾಕು, ಶಾಲೆಯಲ್ಲಿ ಎಲ್ಲರೂ ಒಮ್ಮೆ ಮಾಡಿರುತ್ತೀರಿ.

ಹೆಜ್ಜೆ 4: ಬಸವನಹುಳುವಿನ ಮೊಟ್ಟೆ ಹುಡುಕಿ

ಪ್ರಾಣಿ ಅಂದರೆ ಎಲ್ಲರೂ ನೇರ ಕೋಳಿಮೊಟ್ಟೆಗೆ ಹೋಗುತ್ತಾರೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಕೊಳದ ಬಸವನಹುಳು. ಮೊಟ್ಟೆ ಗಾಜಿನಷ್ಟು ಪಾರದರ್ಶಕ. ಕಾವು ಕೊಡಬೇಕಿಲ್ಲ. ಮರಿಯಾದ ಮೇಲೆ ಸಾಕುವ ತಲೆನೋವೂ ಇಲ್ಲ.

ಕೊಳ ಅಥವಾ ಅಕ್ವೇರಿಯಂನ ಎಲೆಗಳ ಅಡಿಭಾಗ ನೋಡಿ. ಬಣ್ಣವಿಲ್ಲದ ಲೋಳೆಯ ತುಂಡು, ಒಳಗೆ ಚುಕ್ಕೆಗಳು ಕಂಡರೆ ಅದೇ. ಎಲೆಯ ಸಮೇತ ಅದೇ ನೀರಿನಲ್ಲಿ ಜಾಡಿಗೆ ಹಾಕಿ, ನೆರಳಲ್ಲಿಡಿ. ಬಿಸಿಲಿಗಿಟ್ಟರೆ ಬೆಂದುಹೋಗುತ್ತವೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕೆಲವು ಬಸವನಹುಳುಗಳಲ್ಲಿ ಪರೋಪಜೀವಿಗಳಿರುತ್ತವೆ.

ಆಗತಾನೇ ಇಟ್ಟ ಮೊಟ್ಟೆ ಸಿಕ್ಕರೆ ಅದೃಷ್ಟ. ಮೈಕ್ರೋಸ್ಕೋಪಿನಲ್ಲಿ ಒಂದು ಕೋಶ ಎರಡಾಗುವುದು, ಎರಡು ನಾಲ್ಕಾಗುವುದು ಕಾಣುತ್ತದೆ. ನಾಲ್ಕು ಎಂಟಾಗುವಾಗ ಗಮನ ಕೊಡಿ. ಮೇಲಿನ ನಾಲ್ಕು ಕೋಶಗಳು ಕೆಳಗಿನ ನಾಲ್ಕರ ನೆತ್ತಿಯ ಮೇಲೆ ನೇರವಾಗಿ ಕೂರುವುದಿಲ್ಲ, ಸ್ವಲ್ಪ ತಿರುಚಿಕೊಂಡು ಕೂರುತ್ತವೆ. ಆ ತಿರುವು ಯಾವ ಕಡೆಗೋ, ಬೆಳೆದ ಮೇಲೆ ಚಿಪ್ಪಿನ ಸುರುಳಿಯ ದಿಕ್ಕು ಅದಕ್ಕೆ ತಕ್ಕ ಹಾಗೆ. 2009ರಲ್ಲಿ ಜಪಾನಿನ ವಿಜ್ಞಾನಿಗಳು ಆ ಹಂತದ ಭ್ರೂಣದ ಕೋಶಗಳನ್ನು ಸಣ್ಣ ಗಾಜಿನ ಕಡ್ಡಿಯಿಂದ ಉಲ್ಟಾ ದಿಕ್ಕಿಗೆ ತಳ್ಳಿದರು. ಬಲಸುರುಳಿ ಆಗಬೇಕಿದ್ದ ಹುಳುಗಳು ಎಡಸುರುಳಿಯಾಗಿ ಬೆಳೆದವು. ಇನ್ನೊಂದು ಮಜಾ ಅಂದರೆ, ಈ ದಿಕ್ಕನ್ನು ತೀರ್ಮಾನಿಸುವುದು ಮರಿಯ ಸ್ವಂತ ಜೀನ್ ಅಲ್ಲ, ತಾಯಿಯ ಜೀನ್.

ಕೆಲವು ದಿನಗಳಲ್ಲಿ ಭ್ರೂಣ ಮೊಟ್ಟೆಯೊಳಗೇ ಗಿರಕಿ ಹೊಡೆಯಲು ಶುರು ಮಾಡುತ್ತದೆ. ಮೈಮೇಲಿನ ಸೂಕ್ಷ್ಮ ಕೂದಲುಗಳ ಬಡಿತದಿಂದ ಆಗುವ ಚಲನೆ ಅದು. ಆಮೇಲೆ ಎರಡು ಕಪ್ಪು ಕಣ್ಣು, ತೆಳು ಚಿಪ್ಪು, ಚಿಪ್ಪಿನ ಒಳಗೆ ಮಿಡಿಯುವ ಹೃದಯ. ಎರಡು ವಾರದ ಆಸುಪಾಸಿನಲ್ಲಿ ಮರಿಗಳು ಲೋಳೆ ಬಿಟ್ಟು ಹೊರಡುತ್ತವೆ. ನೀರು ತಣ್ಣಗಿದ್ದರೆ ಜಾಸ್ತಿ ದಿನ ಬೇಕು. ಅವನ್ನು ತಂದ ನೀರಿಗೇ ವಾಪಸ್ ಬಿಡಿ. ಬೇರೆ ಕೊಳಕ್ಕೆ ಬಿಡಬೇಡಿ.

ಹೆಜ್ಜೆ 5: ಮೊಟ್ಟೆಗೆ ಟಾರ್ಚ್ ಹಿಡಿಯಿರಿ

ಮರಿ ಸಾಕಲು ಜಾಗ, ಜನ ಇದ್ದರೆ ಮಾತ್ರ ಈ ಹೆಜ್ಜೆ. ಸುಮ್ನೆ ಕುತೂಹಲಕ್ಕೆ ಶುರು ಮಾಡಿ ಅರ್ಧಕ್ಕೆ ಬಿಡುವ ಕೆಲಸವಲ್ಲ ಇದು. ಹುಂಜದ ಜೊತೆಗಿದ್ದ ಕೋಳಿಯ ಮೊಟ್ಟೆಯೇ ಬೇಕು. ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ, ಆದರೆ ಅದರಲ್ಲಿ ಭ್ರೂಣ ಇರುವುದಿಲ್ಲ. ಬಿಳಿ ಚಿಪ್ಪಿನದಾದರೆ ಬೆಳಕು ಚೆನ್ನಾಗಿ ಹಾಯುತ್ತದೆ.

ಕಾವು ಕೂತ ಕೋಳಿ ಇದ್ದರೆ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಇನ್‌ಕ್ಯುಬೇಟರ್ ಆದರೆ 37.5 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು, ಒಳಗೆ ತೇವ ಇರಬೇಕು. ದಿನಕ್ಕೆ ಮೂರು ಸಲವಾದರೂ ಮೊಟ್ಟೆ ತಿರುಗಿಸಬೇಕು. ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಮರಿಯಾಗಲು ಸುಮಾರು 21 ದಿನ. ಕೊನೆಯ ಮೂರು ದಿನ ತಿರುಗಿಸಬಾರದು.

ಮೊಟ್ಟೆ ಇಡುವ ಹೊತ್ತಿಗಾಗಲೇ ಹಳದಿಯ ಮೇಲಿನ ಬಿಳಿ ಚುಕ್ಕೆಯಲ್ಲಿ ಹತ್ತಾರು ಸಾವಿರ ಕೋಶಗಳಿರುತ್ತವೆ. ತಣ್ಣಗಾದಾಗ ಬೆಳವಣಿಗೆ ನಿಂತು, ಕಾವು ಸಿಕ್ಕಾಗ ಮುಂದುವರಿಯುತ್ತದೆ. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೇ ಮರಿಯಾಗುವ ಗುಟ್ಟು ಇದೇ. ಕಾಯುವುದು ಬೀಜಕ್ಕೆ ಮಾತ್ರ ಗೊತ್ತಿರುವ ವಿದ್ಯೆ ಅಲ್ಲ. ಆದರೆ ಕೋಳಿಮೊಟ್ಟೆ ಕಾಯುವುದು ದಿನಗಳ ಲೆಕ್ಕದಲ್ಲಿ, ಶತಮಾನಗಳ ಲೆಕ್ಕದಲ್ಲಲ್ಲ.

ಕಾವು ಸಿಕ್ಕ ಮೊದಲ ದಿನವೇ ಕೋಶಗಳ ನಡಿಗೆ ಶುರು. ಮೇಲ್ಪದರದ ಕೋಶಗಳು ನಡುಗೆರೆಯೊಂದರ ಕಡೆ ಬಂದು, ಅಲ್ಲಿಂದ ಒಳಗಿಳಿದು ಹರಡಿ ಮೂರು ಪದರವಾಗುತ್ತವೆ. ಹೊರಪದರದಿಂದ ಚರ್ಮ, ಮಿದುಳು. ನಡುವಿನದರಿಂದ ಸ್ನಾಯು, ಮೂಳೆ, ರಕ್ತ. ಒಳಗಿನದರಿಂದ ಕರುಳು, ಶ್ವಾಸಕೋಶದ ಒಳಪದರ. ಹೃದಯವಾಗುವ ಕೋಶಗಳು ಎಡಬಲ ಎರಡೂ ಕಡೆಯಿಂದ ಬಂದು ಮಧ್ಯದಲ್ಲಿ ಸೇರುತ್ತವೆ. ಹೀಗೆ ಸೇರದಂತೆ ಪ್ರಯೋಗಾಲಯದಲ್ಲಿ ತಡೆದರೆ ಎರಡು ಹೃದಯ ಬೆಳೆದು ಎರಡೂ ಬಡಿಯುತ್ತವೆ! ಎರಡನೆಯ ದಿನವೇ ಹೃದಯದ ಬಡಿತ ಶುರುವಾಗುತ್ತದೆ. ಸುಮಾರು 2300 ವರ್ಷಗಳ ಹಿಂದೆ ಅರಿಸ್ಟಾಟಲ್ ಬೇರೆ ಬೇರೆ ದಿನದ ಮೊಟ್ಟೆ ಒಡೆದು ನೋಡಿ, ಮಿಡಿಯುವ ಆ ರಕ್ತದ ಚುಕ್ಕೆಯನ್ನು ಬರೆದಿಟ್ಟಿದ್ದ.

ನೀವು ಒಡೆಯಬೇಕಿಲ್ಲ. ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿಯಿರಿ. ಕೆಂಪು ರಕ್ತನಾಳಗಳ ಬಲೆ, ಮಧ್ಯೆ ಕಪ್ಪು ಚುಕ್ಕೆ ಕಂಡರೆ ಭ್ರೂಣ ಬೆಳೆಯುತ್ತಿದೆ. ಚುಕ್ಕೆ ಅದರ ಕಣ್ಣು. ಪೂರ್ತಿ ತಿಳಿಯಾಗಿದ್ದರೆ ಭ್ರೂಣವೇ ಇಲ್ಲ. ಕೆಂಪು ಉಂಗುರ ಮಾತ್ರ ಕಂಡರೆ ಬೆಳವಣಿಗೆ ಶುರುವಾಗಿ ಸತ್ತಿದೆ. ಇಂಥವನ್ನು ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವೂ ಕೆಡುತ್ತವೆ. 18ನೆಯ ದಿನಕ್ಕೆ ದಪ್ಪ ತುದಿಯ ಗಾಳಿ ತುಂಬಿದ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪು. ಪ್ರತಿ ಸಲ ಒಂದೆರಡು ನಿಮಿಷದಲ್ಲಿ ಮುಗಿಸಿ ಮೊಟ್ಟೆಯನ್ನು ಕಾವಿಗೆ ವಾಪಸ್ ಇಡಿ.

ಯಾವ ಕೋಶ ಏನಾಗಬೇಕು ಎಂದು ಹೇಳುವವರು ಯಾರು? 1924ರಲ್ಲಿ ಜರ್ಮನಿಯ ಹಿಲ್ಡೆ ಮ್ಯಾಂಗೋಲ್ಡ್ ಮತ್ತು ಹ್ಯಾನ್ಸ್ ಸ್ಪೀಮನ್ ಇದಕ್ಕೆ ಒಂದು ಉತ್ತರ ಕೊಟ್ಟರು. ನ್ಯೂಟ್ ಎಂಬ ಉಭಯಚರದ ಭ್ರೂಣದಿಂದ ಸಣ್ಣ ಚೂರೊಂದನ್ನು ಕತ್ತರಿಸಿ ಇನ್ನೊಂದರ ಹೊಟ್ಟೆಯ ಕಡೆ ಕಸಿ ಮಾಡಿದರು. ಅಲ್ಲೊಂದು ಎರಡನೆಯ ಬೆನ್ನುಹುರಿ, ಎರಡನೆಯ ದೇಹವೇ ಮೂಡಿತು. ಅದರ ಬಹುಪಾಲು ಕೋಶಗಳು ಕಸಿಯ ಚೂರಿನವಲ್ಲ, ಆತಿಥೇಯ ಭ್ರೂಣದವು. ಅಂದರೆ ಚೂರು ಸುತ್ತಲಿನ ಕೋಶಗಳಿಗೆ ಸಂಕೇತ ಕೊಟ್ಟಿತ್ತು. ಸ್ಪೀಮನ್‌ಗೆ 1935ರಲ್ಲಿ ನೊಬೆಲ್ ಬಂತು. ಕಸಿಯ ಕೆಲಸ ಮಾಡಿದ ಹಿಲ್ಡೆ 1924ರಲ್ಲೇ ಅಪಘಾತದಲ್ಲಿ ತೀರಿಕೊಂಡಿದ್ದರು.

ಹೆಜ್ಜೆ 6: ಒಂದು ಕೊಂಬೆ ಕತ್ತರಿಸಿ ನೀರಲ್ಲಿಡಿ

ಮರಿ ಹೊರಬರುವಾಗ ಅದಕ್ಕೆ ಬೇಕಾದ ಅಂಗಗಳೆಲ್ಲ ಆಗಿರುತ್ತವೆ. ಮೂರನೆಯ ಕಾಲು ಆಮೇಲೆ ಹುಟ್ಟುವುದಿಲ್ಲ. ಬೀಜದೊಳಗಿನ ಗಿಡದಲ್ಲಿ ಮಾತ್ರ ಹೂವಿಲ್ಲ, ಕೊಂಬೆಯಿಲ್ಲ. ಇರುವುದು ತುದಿಯಲ್ಲೊಂದು, ಬುಡದಲ್ಲೊಂದು ಬೆಳೆಯುವ ಜಾಗ. ಜೀವನವಿಡೀ ಹೊಸ ಅಂಗಗಳು ಅಲ್ಲಿಂದಲೇ ಬರುತ್ತಿರುತ್ತವೆ.

ಮನಿಪ್ಲಾಂಟಿನ ಬಳ್ಳಿಯನ್ನು ಗೆಣ್ಣಿನ ಸಮೇತ ಕತ್ತರಿಸಿ ನೀರಿನಲ್ಲಿಡಿ. ಕಾಂಡದಿಂದಲೇ ಬೇರು ಬರುತ್ತದೆ. 1958ರಲ್ಲಿ ಸಸ್ಯವಿಜ್ಞಾನಿ ಎಫ್. ಸಿ. ಸ್ಟೀವರ್ಡ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಕ್ಯಾರೆಟ್ಟಿನ ಬೇರಿನ ಕೋಶಗಳನ್ನು ದ್ರಾವಣದಲ್ಲಿ ಬೆಳೆಸಿ ಅವುಗಳಿಂದ ಭ್ರೂಣದಂಥ ರಚನೆಗಳನ್ನು ಪಡೆದರು, ಅವುಗಳಿಂದ ಗಿಡಗಳನ್ನೂ ಪಡೆದರು. ಹೂವೂ ಬೇಕಾಗಲಿಲ್ಲ, ಬೀಜವೂ ಬೇಕಾಗಲಿಲ್ಲ.

ಜಾಡಿಯ ನೀರನ್ನು ವಾರಕ್ಕೊಮ್ಮೆ ಬದಲಿಸಿ. ಎಲೆಗಳು ನೀರಿನೊಳಗೆ ಮುಳುಗಿದ್ದರೆ ಕೊಳೆಯುತ್ತವೆ, ಕಿತ್ತುಹಾಕಿ. ಬೇರು ಒಂದೆರಡು ಅಂಗುಲ ಬಂದ ಮೇಲೆ ಕುಂಡಕ್ಕೆ ನೆಡಬಹುದು.