ಹಳೆ ಟ್ರಯಂಫ್ ಇಂಜಿನ್: ಬೇರೆ ಬೇರೆ ಪಾರ್ಟ್ಸ್ ಒಂದಕ್ಕೊಂದು ಹೊಂದಿಸುವುದು ಹೇಗೆ

ಬ್ರಿಟನ್ನಿನ ಹಳೆ ಕಾರು ಟ್ರಯಂಫ್ ಸ್ಪಿಟ್‌ಫೈರ್ ಇರಲಿ, ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇರಲಿ, ಈಗ ಕೈಗೆ ಸಿಗುವ ಗಾಡಿಯಲ್ಲಿ ಇಂಜಿನ್ ಪೂರ್ತಿ ತನ್ನದೇ ಪಾರ್ಟ್ಸ್ ಇಟ್ಟುಕೊಂಡಿರುವುದು ಅಪರೂಪ. ಬ್ಲಾಕ್ ಒಂದು ಗಾಡಿಯದು, ಹೆಡ್ ಇನ್ನೊಂದರದ್ದು, ಪಿಸ್ಟನ್ ಎಲ್ಲೋ ಗುಜರಿಯಲ್ಲಿ ಸಿಕ್ಕಿದ್ದು. ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದು ಮಾತು: ಬೋಲ್ಟ್ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಪಾರ್ಟ್ ಹೊಂದಿತು ಅಂತಲ್ಲ. ಈ ಇಂಜಿನ್‌ನಲ್ಲಂತೂ ತಪ್ಪು ಪಾರ್ಟೂ ಆರಾಮಾಗಿ ಕೂರುತ್ತದೆ.

ಯಾಕೆ ಅಂದ್ರೆ ಇವೆಲ್ಲ ಒಂದೇ ವಂಶದವು. 1953ರ ಸ್ಟ್ಯಾಂಡರ್ಡ್ ಎಯ್ಟ್‌ನಲ್ಲಿ 803 ಸಿಸಿಯಿಂದ ಶುರುವಾಗಿದ್ದು 948, 1147, 1296 ಅಂತ ಬೆಳೆದು, ಕೊನೆಗೆ ಸ್ಪಿಟ್‌ಫೈರ್ 1500ರಲ್ಲಿ 1493 ಸಿಸಿ ಆಯಿತು. 1980ರಲ್ಲಿ ಸ್ಪಿಟ್‌ಫೈರ್ ನಿಂತಿತು. ಮೊದಲ ನಾಲ್ಕಕ್ಕೂ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 76 ಎಂಎಂ, ಬೋರ್ (ಸಿಲಿಂಡರಿನ ಒಳಗಿನ ಅಗಲ) ಮಾತ್ರ ಬೇರೆ: 948ಕ್ಕೆ 63, 1147ಕ್ಕೆ 69.3, 1296ಕ್ಕೆ 73.7 ಎಂಎಂ. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ಥರ.

ಹಾಗಾಗಿ ಮೊದಲು ಬ್ಲಾಕ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಇಂಜಿನ್ ನಂಬರ್ ಶುರುವಿನ ಅಕ್ಷರ ನೋಡಿ: ಎಫ್‌ಸಿ ಅಂದ್ರೆ ಸ್ಪಿಟ್‌ಫೈರ್ ಮಾರ್ಕ್ 1 ಅಥವಾ 2, ಎಫ್‌ಡಿ ಅಂದ್ರೆ ಮಾರ್ಕ್ 3, ಜಿಇ ಅಂದ್ರೆ ಹೆರಾಲ್ಡ್ 13/60. ನೆನಪಿರಲಿ, ನಂಬರ್ ಬ್ಲಾಕಿನದು ಮಾತ್ರ, ಒಳಗೆ ಏನಿದೆ ಅಂತ ಅದು ಹೇಳುವುದಿಲ್ಲ. ವರ್ನಿಯರ್ ಹಿಡಿದು ಬೋರ್ ಅಳೆಯಿರಿ. ಬ್ಲಾಕ್ ಗೊತ್ತಾದ ಮೇಲೆ ಉಳಿದದ್ದನ್ನೆಲ್ಲ ಅದಕ್ಕೇ ಹೊಂದಿಸಬೇಕು, ಬ್ಲಾಕನ್ನು ಬೇರೆಯದಕ್ಕೆ ಹೊಂದಿಸಲು ಹೋಗಬೇಡಿ.

ಮುಂದೆ ಕ್ರ್ಯಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸುವ ದಂಡ. ಜಾಸ್ತಿ ಜನ ಸಿಕ್ಕಿಬೀಳೋದು ಇಲ್ಲೇ. 1296ರಲ್ಲಿ ಎರಡು ಥರದ ಕ್ರ್ಯಾಂಕ್ ಇವೆ. ಹಳೆಯದಕ್ಕೆ ಮೇನ್ ಜರ್ನಲ್ (ಬ್ಲಾಕಿನ ಬೇರಿಂಗ್‌ನಲ್ಲಿ ತಿರುಗುವ ಭಾಗ) 2 ಇಂಚು, ಅಂದ್ರೆ 50.8 ಎಂಎಂ, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕೂರುವ ಭಾಗ) 1.625 ಇಂಚು. ಸ್ಪಿಟ್‌ಫೈರ್ ಮಾರ್ಕ್ 4 ಕಾಲದಲ್ಲಿ ಬಂದ ದಪ್ಪ ಕ್ರ್ಯಾಂಕ್‌ಗೆ ಮೇನ್ 2.311 ಇಂಚು, ಬಿಗ್ ಎಂಡ್ 1.875. ಬೋರ್ ಒಂದೇ, ಸ್ಟ್ರೋಕ್ ಒಂದೇ, ಆದರೆ ಬ್ಲಾಕ್, ಕನೆಕ್ಟಿಂಗ್ ರಾಡ್, ಬೇರಿಂಗ್ ಯಾವುದೂ ಅದಲುಬದಲು ಆಗುವುದಿಲ್ಲ. ಬೇರಿಂಗ್ ತರಿಸುವ ಮುಂಚೆ ಪ್ರತಿ ಜರ್ನಲನ್ನೂ ಮೈಕ್ರೋಮೀಟರ್‌ನಲ್ಲಿ ಅಡ್ಡ ಒಂದು ಸಲ, ಉದ್ದ ಒಂದು ಸಲ ಅಳೆದು ಬರೆದಿಡಿ. ಹಿಂದೆ ಯಾರಾದರೂ 10, 20 ಅಥವಾ 30 ಥೌ (ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ) ಗ್ರೈಂಡ್ ಮಾಡಿಸಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಕ್ಯಾಪ್‌ಗಳನ್ನು ಬೇರೆ ಬ್ಲಾಕಿನಿಂದ ತಂದು ಹಾಕಲೇಬೇಡಿ. ಕ್ಯಾಪ್ ಕೂರಿಸಿದ ಮೇಲೆ ಮೂರೂ ಬೇರಿಂಗ್ ಜಾಗವನ್ನು ಒಟ್ಟಿಗೆ ಬೋರ್ ಮಾಡಿರುತ್ತಾರೆ, ಹಾಗಾಗಿ ಅವು ಆ ಬ್ಲಾಕಿಗೆ ಮಾತ್ರ. ಕ್ಯಾಪ್ ಕಳೆದಿದ್ದರೆ ಬೇರೆ ಕ್ಯಾಪ್ ಹಾಕಿ ಲೈನ್ ಬೋರಿಂಗ್ ಮಾಡಿಸಬೇಕು, ಬೇರೆ ದಾರಿ ಇಲ್ಲ. ಕನೆಕ್ಟಿಂಗ್ ರಾಡಿಗೂ ಇದೇ ನಿಯಮ: ರಾಡ್ ಮತ್ತು ಅದರ ಕ್ಯಾಪ್ ಮೇಲಿನ ಗುರುತು ಎರಡೂ ಒಂದೇ ಇರಬೇಕು.

ಕ್ರ್ಯಾಂಕ್ ಕೂರಿಸಿದ ಮೇಲೆ ಅದು ಹಿಂದೆ ಮುಂದೆ ಎಷ್ಟು ಸರಿಯುತ್ತದೆ ನೋಡಿ. ಈ ಇಂಜಿನ್‌ನ ದೊಡ್ಡ ವೀಕ್‌ನೆಸ್ ಇದು. ಹಿಂದಿನ ಮೇನ್ ಬೇರಿಂಗ್ ಪಕ್ಕದಲ್ಲಿ ಎರಡು ಅರ್ಧಚಂದ್ರದ ಥ್ರಸ್ಟ್ ವಾಷರ್ ಇರುತ್ತವೆ. ಪ್ರತಿ ಸಲ ಕ್ಲಚ್ ತುಳಿದಾಗಲೂ ಕ್ರ್ಯಾಂಕ್ ಮುಂದಕ್ಕೆ ಒತ್ತುತ್ತದೆ, ವಾಷರ್ ಸವೆಯುತ್ತದೆ, ಪೂರ್ತಿ ಸವೆದರೆ ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಬಿದ್ದು ಕ್ರ್ಯಾಂಕ್ ಬ್ಲಾಕನ್ನೇ ಉಜ್ಜಲು ಶುರು ಮಾಡುತ್ತದೆ. ಆಮೇಲೆ ಬ್ಲಾಕ್ ಉಳಿಸುವುದೇ ಕಷ್ಟ. ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ಸ್ಕ್ರೂಡ್ರೈವರಿನಿಂದ ಆಚೆ ಈಚೆ ಮೀಟಿ. 4ರಿಂದ 8 ಥೌ ಒಳಗೆ ಇರಬೇಕು, ನಾನಾದರೆ 6 ದಾಟಲು ಬಿಡುವುದಿಲ್ಲ. ಜಾಸ್ತಿ ಇದ್ದರೆ ಮಾಮೂಲಿಗಿಂತ 5 ಥೌ ಹೆಚ್ಚು ದಪ್ಪದ ಓವರ್‌ಸೈಜ್ ವಾಷರ್ ಸಿಗುತ್ತದೆ. ಗೆರೆ ಕೊರೆದಿರುವ ಮುಖ ಕ್ರ್ಯಾಂಕ್ ಕಡೆಗೇ ಇರಬೇಕು. ಬೇರೆ ಕ್ರ್ಯಾಂಕ್ ತಂದು ಹಾಕಿದಾಗ ಹಳೆ ವಾಷರನ್ನೇ ಮತ್ತೆ ಬಳಸುವ ಆಸೆ ಬೇಡ.

ಈಗ ಬೋರಿಂಗ್, ಅಂದ್ರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್‌ಗೆ ಹೊಂದಿಸುವುದು. ಹುಬ್ಬಳ್ಳಿಯಲ್ಲಿ ಗೋಕುಲ್ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಆಗಲಿ ತಾರಿಹಾಳ ಆಗಲಿ, ಒಳ್ಳೆ ಕೈಯ ಮಿಸ್ತ್ರಿಗಳಿಗೆ ಕೊರತೆ ಇಲ್ಲ. ಆದರೆ ಅವರ ಕೈ ಪಳಗಿರುವುದು ಟ್ರ್ಯಾಕ್ಟರ್, ಲಾರಿ ಇಂಜಿನ್‌ಗಳಲ್ಲಿ. ಬ್ಲಾಕ್ ಇಳಿಸಿದ ಕೂಡಲೇ ಅವರು ಕೇಳುವುದು ಒಂದೇ: "ಇದಕ್ಕ ಕ್ಲಿಯರೆನ್ಸ್ ಎಷ್ಟ್ ಬಿಡ್ಲಿರೀ ಸರ?" ಕೇಳುತ್ತಿರುವುದು ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದು. ಉತ್ತರ ಬಾಯಲ್ಲಿ ಹೇಳಬೇಡಿ, ಕಾಗದದಲ್ಲಿ ಬರೆದು ಕೊಡಿ, ಥೌನಲ್ಲೂ ಎಂಎಂನಲ್ಲೂ. ಒಂದು ಥೌ ಅಂದ್ರೆ 0.0254 ಎಂಎಂ. ಬ್ಲಾಕ್ ಜೊತೆಗೆ ನಾಲ್ಕೂ ಪಿಸ್ಟನ್ ಕೊಡಿ. ಪಿಸ್ಟನ್ ಕೈಗೆ ಬರುವ ತನಕ ಬೋರ್ ಮಾಡಿಸಲೇಬಾರದು, ಡಬ್ಬದ ಮೇಲೆ 20 ಓವರ್‌ಸೈಜ್ (20 ಥೌ ದೊಡ್ಡದು) ಅಂತ ಇದ್ದರೂ ಒಳಗಿನದನ್ನು ಅಳೆದೇ ನಂಬಬೇಕು. ಪಿಸ್ಟನ್ ಅಳೆಯುವುದು ಸ್ಕರ್ಟ್ ಹತ್ತಿರ, ಪಿನ್ನಿಗೆ ಅಡ್ಡವಾಗಿ.

ಅಳೆಯುವ ಹೊತ್ತೂ ಮುಖ್ಯ. ಎಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಅಳೆಯಬೇಡಿ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ, ಬಿಸಿಲಲ್ಲಿ ಬೈಕ್ ಮೇಲೆ ತಂದ ಪಿಸ್ಟನ್ ತಪ್ಪು ಅಳತೆ ತೋರಿಸುತ್ತದೆ. ಬ್ಲಾಕ್, ಪಿಸ್ಟನ್, ಮೈಕ್ರೋಮೀಟರ್ ಮೂರನ್ನೂ ರಾತ್ರಿ ಒಂದೇ ಕಡೆ ಬಿಟ್ಟು ಬೆಳಿಗ್ಗೆ ಅಳೆಯಿರಿ.

ಪಿಸ್ಟನ್, ರಾಡ್ ತೂಕ ಬೇರೆ ಬೇರೆ ಇದ್ದರೆ ಇಂಜಿನ್ ನಡುಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎಲ್ಲಕ್ಕಿಂತ ಹಗುರ ಇರುವುದಕ್ಕೆ ಉಳಿದ ಮೂರನ್ನು ಸರಿಗಟ್ಟಿ, ಒಂದೆರಡು ಗ್ರಾಂ ವ್ಯತ್ಯಾಸ ಪರವಾಗಿಲ್ಲ.

ಹೆಡ್ ವಿಷಯದಲ್ಲಿ ಲೆಕ್ಕ ಮಾಡದೆ ಮುಂದೆ ಹೋಗಬೇಡಿ, ಹಳೆ ಹೆಡ್ಡನ್ನು ಎಷ್ಟು ಸಲ ಫೇಸಿಂಗ್ ಮಾಡಿಸಿದ್ದಾರೋ (ತಳವನ್ನು ತುರಿದು ಸಮ ಮಾಡಿಸಿದ್ದಾರೋ) ಹೇಳಲಾಗದು. ವಾಲ್ವ್, ಪ್ಲಗ್ ಹಾಕಿ ಹೆಡ್ಡನ್ನು ಮಗುಚಿ ಸಮತಟ್ಟಾಗಿ ಇಡಿ. ಚೇಂಬರ್ (ಪೆಟ್ರೋಲ್ ಉರಿಯುವ ಗುಂಡಿ) ಅಂಚಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಸಣ್ಣ ತೂತು ಕೊರೆದ ಅಕ್ರಿಲಿಕ್ ಶೀಟ್ ಒತ್ತಿ, ಮೆಡಿಕಲ್ ಶಾಪಿನ ಸಿರಿಂಜಿನಿಂದ ಸೀಮೆಎಣ್ಣೆ ಬಿಡುತ್ತಾ ಹೋಗಿ. ಕೊನೆಯ ಗುಳ್ಳೆ ತೂತಿನಿಂದ ಹೊರಗೆ ಹೋದಾಗ ಎಷ್ಟು ಸಿಸಿ ಹಿಡಿಯಿತು ನೋಡಿ. 1296ರಲ್ಲಿ ಒಂದು ಸಿಲಿಂಡರಿಗೆ 324 ಸಿಸಿ. ಚೇಂಬರ್ 33, ಗ್ಯಾಸ್ಕೆಟ್ ಮತ್ತು ಪಿಸ್ಟನ್ ಮೇಲಿನ ಜಾಗ ಸೇರಿ 7.5 ಅಂತ ಇಟ್ಟುಕೊಳ್ಳಿ, ಒಟ್ಟು 40.5. 324ಕ್ಕೆ 40.5 ಕೂಡಿಸಿ 40.5ರಿಂದ ಭಾಗಿಸಿದರೆ 9, ಅದೇ ಕಂಪ್ರೆಷನ್ ರೇಶಿಯೋ. ಅದೇ ಚೇಂಬರ್ 28ಕ್ಕೆ ಇಳಿದಿದ್ದರೆ ರೇಶಿಯೋ 10 ದಾಟುತ್ತದೆ, ಸಾದಾ ಪೆಟ್ರೋಲಿನಲ್ಲಿ ಏರು ಹತ್ತುವಾಗ ಇಂಜಿನ್ ಬಡಿಯಲು ಶುರು ಮಾಡಬಹುದು. ನಾಲ್ಕೂ ಚೇಂಬರ್ ಅಳೆಯಿರಿ, ಒಂದನ್ನು ನೋಡಿ ಉಳಿದದ್ದು ಅಷ್ಟೇ ಅಂತ ಬಿಡಬೇಡಿ.

ವಾಲ್ವ್ ಎತ್ತುವ ದಂಡ, ಅಂದ್ರೆ ಕ್ಯಾಮ್ ಒಂದು ಇಂಜಿನ್‌ನದು, ಚೈನ್ ಸ್ಪ್ರಾಕೆಟ್ ಇನ್ನೊಂದರದ್ದು ಆಗಿದ್ದರೆ ಹಲ್ಲಿನ ಮೇಲಿನ ಗುರುತು ನಂಬಬೇಡಿ. ಒಂದನೇ ಪಿಸ್ಟನ್ ಎಕ್ಸಾಸ್ಟ್ ಮುಗಿದು ಇನ್‌ಲೆಟ್ ಶುರುವಾಗುವ ಮೇಲಿನ ತುದಿಯಲ್ಲಿ ನಿಲ್ಲಿಸಿ, ಅದರ ಎರಡೂ ವಾಲ್ವ್ ಸಮ ಎತ್ತರ ಎದ್ದಿವೆಯಾ ನೋಡಿ. ಸ್ಪ್ರಾಕೆಟ್‌ನಲ್ಲಿ ನಾಲ್ಕು ತೂತು ಇರುತ್ತವೆ: 90 ಡಿಗ್ರಿ ತಿರುಗಿಸಿ ಹಾಕಿದರೆ ಅರ್ಧ ಹಲ್ಲು ಸರಿಯುತ್ತದೆ, ಮಗುಚಿ ಹಾಕಿದರೆ ಕಾಲು ಹಲ್ಲು.

ಬೋಲ್ಟ್ ಬಗ್ಗೆ ಒಂದು ಎಚ್ಚರ. ಇಂಚಿನ ಅಳತೆಯ 5/16 ಯುಎನ್‌ಎಫ್ ಮತ್ತು ಎಂಎಂ ಅಳತೆಯ ಎಂ8 ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತವೆ, ಅಲ್ಲಿ ಪಾನಾ ಹಾಕಿ ಎಳೆದರೆ ಬ್ಲಾಕಿನ ಥ್ರೆಡ್ ಹೋಯಿತು. ನೂರು ಚಿಲ್ಲರೆಯ ಥ್ರೆಡ್ ಗೇಜ್ ಜೇಬಿನಲ್ಲಿರಲಿ, ಬೋಲ್ಟ್ ಪೂರ್ತಿ ಬೆರಳಿನಿಂದಲೇ ಇಳಿಯಬೇಕು.

ಕೊನೆಯ ಜೋಡಣೆಗೆ ಮುಂಚೆ ಒಂದು ಸಲ ಎಲ್ಲವನ್ನೂ ಸುಮ್ನೆ ಕೂರಿಸಿ ನೋಡಿ. ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಸ್ವಲ್ಪ ಅಂಟಿಸಿ, ಹಳೆ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿಸಿ, ವಾಲ್ವ್ ಕ್ಲಿಯರೆನ್ಸ್ 10 ಥೌ ಇಟ್ಟು ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ತಡೆದರೆ ಒತ್ತಬೇಡಿ, ಬಿಚ್ಚಿ ನೋಡಿ. ಸರಾಗ ತಿರುಗಿದರೆ ಹೆಡ್ ತೆಗೆದು, ವಾಲ್ವ್ ಒತ್ತಿದ ಜಾಗದಲ್ಲಿ ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. ಎರಡು ಎಂಎಂ ಉಳಿದಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿ ಕೊನೆಯ ಜೋಡಣೆ ಮಾಡಿ.