ಹವಳದ ಟ್ಯಾಂಕ್ ಬೇಕಾ? ಮೊದಲು ಸ್ಟ್ಯಾಂಡ್ ಕಟ್ಟಿಸಿ

ಮನೆಯಲ್ಲಿ ಸಣ್ಣದೊಂದು ರೀಫ್ ಟ್ಯಾಂಕ್ (ಉಪ್ಪುನೀರಿನಲ್ಲಿ ಹವಳ, ಮೀನು ಸಾಕುವ ಗಾಜಿನ ತೊಟ್ಟಿ) ಇಡಬೇಕು ಅಂತ ಹೊರಟವರು ಮೊದಲು ಗಾಜಿನ ಟ್ಯಾಂಕ್ ತರುತ್ತಾರೆ. ಆಮೇಲೆ ಲೈಟು, ಆಮೇಲೆ ಪಂಪು. ಇದನ್ನೆಲ್ಲ ಇಡೋದು ಎಲ್ಲಿ ಅನ್ನೋದು ಕೊನೆಗೆ ನೆನಪಾಗುತ್ತದೆ. ಆಗ ಹಳೇ ಟಿವಿ ಟೇಬಲ್ಲೋ, ಆನ್‌ಲೈನಲ್ಲಿ ಸಿಗುವ ಅಗ್ಗದ ಕಪಾಟೋ ಗೋಡೆ ಪಕ್ಕ ಬಂದು ಕೂರುತ್ತದೆ. ಅದರ ಮೇಲೆ ಒಂದಷ್ಟು ತಿಂಗಳು ಉಪ್ಪುನೀರು ತೊಟ್ಟಿಕ್ಕಿದರೆ ಸಾಕು, ಪಾರ್ಟಿಕಲ್ ಬೋರ್ಡ್ ಉಬ್ಬಿ, ಟ್ಯಾಂಕ್ ಒಂದು ಮೂಲೆಗೆ ವಾಲಿ, ಗಾಜಿನ ಅಂಟಿನ ಮೇಲೆ ಒತ್ತಡ ಬೀಳೋಕೆ ಶುರುವಾಗುತ್ತದೆ. ನೀರು ಕೆಟ್ಟರೆ ಬದಲಿಸಬಹುದು, ಲೈಟು ಸಾಲದಿದ್ದರೆ ಇನ್ನೊಂದು ಹಾಕಬಹುದು. ಸ್ಟ್ಯಾಂಡ್ ಸರಿಯಿಲ್ಲದಿದ್ದರೆ ಮೀನು, ಹವಳ, ಕಲ್ಲು ಎಲ್ಲ ಬಕೆಟ್ಟಿಗೆ ಎತ್ತಿ ಮೊದಲಿಂದ ಶುರು ಮಾಡಬೇಕು. ಹಾಗಾಗಿ ಈ ಲೇಖನದ ಹೆಚ್ಚಿನ ಪಾಲು ಸ್ಟ್ಯಾಂಡಿಗೇ ಹೋಗುತ್ತದೆ.

1. ಅಳತೆ ಮತ್ತು ಜಾಗ

ಮೊದಲ ಟ್ಯಾಂಕಿಗೆ 60 ಸೆಂ.ಮೀ ಉದ್ದ, 45 ಅಗಲ, 45 ಎತ್ತರ ತಗೊಳ್ಳಿ. 10 ಎಂಎಂ ಗಾಜು. ಇದಕ್ಕಿಂತ ಚಿಕ್ಕದು ಸುಲಭ ಅಂತ ಅನ್ನಿಸುತ್ತದೆ, ಆದರೆ ನೀರು ಕಡಿಮೆಯಾದಷ್ಟೂ ಉಪ್ಪಿನ ಪ್ರಮಾಣ, ಬಿಸಿ ಎರಡೂ ಬೇಗ ಏರಿಳಿಯುತ್ತವೆ. ಅಂಗಡಿಯಲ್ಲಿ ಮೇಜಿನ ಮೇಲಿಡುವ 20 ಲೀಟರಿನ ಮುದ್ದಾದ ಟ್ಯಾಂಕ್ ತೋರಿಸಿದರೆ ನಕ್ಕು ಮುಂದೆ ಹೋಗಿ.

ಈಗ ಭಾರದ ಲೆಕ್ಕ. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿದರೆ ಒಳಗೆ ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ಸಮುದ್ರದ ನೀರು ಲೀಟರಿಗೆ ಒಂದು ಕೆಜಿಗಿಂತ ತುಸು ಜಾಸ್ತಿ ತೂಗುತ್ತದೆ. ಗಾಜು ಸುಮಾರು 30 ಕೆಜಿ, ಕಲ್ಲು ಮರಳು ಸೇರಿ ಇನ್ನೊಂದು 20, ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ ಸಣ್ಣ ಟ್ಯಾಂಕಿನದು (ಸಂಪ್, ಅದರ ವಿಷಯ ಮುಂದೆ) 35–40, ಸ್ಟ್ಯಾಂಡಿನದ್ದೇ 40. ಒಟ್ಟು ಸುಮಾರು 230 ಕೆಜಿ. ಮೂರು ಜನ ದೊಡ್ಡವರು ಒತ್ತಿಕೊಂಡು ಒಂದೇ ಕಡೆ ನಿಂತಷ್ಟು ಭಾರ, ಆದರೆ ಇವರು ವರ್ಷಗಟ್ಟಲೆ ಕದಲೋದಿಲ್ಲ. ನಮ್ಮಲ್ಲಿ ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಹೊರೆ ಲೆಕ್ಕ ಹಿಡಿದು ಕಟ್ಟುತ್ತಾರೆ, ಅದು ಕಟ್ಟಡಗಳ ಹೊರೆಗಿರುವ ಭಾರತೀಯ ಮಾನಕ ಐಎಸ್ 875 ಹೇಳುವ ಅಂಕಿ. ಇಡೀ ಕೋಣೆಗೆ ಹಂಚಿ ನೋಡಿದರೆ ಎರಡಡಿ ಟ್ಯಾಂಕಿಗೆ ಹೆದರಬೇಕಿಲ್ಲ. ಆದರೂ ಕೆಳಗೆ ಬೀಮ್ ಇರುವ ಗೋಡೆ ಪಕ್ಕವೇ ಇಡಿ. ಹೊರಗೆ ಚಾಚಿಕೊಂಡಿರುವ ಬಾಲ್ಕನಿಯಲ್ಲಿ ಬೇಡವೇ ಬೇಡ. ನಾಲ್ಕಡಿ ಟ್ಯಾಂಕ್ ಅಂತೀರಾದರೆ ಎಂಜಿನಿಯರ್ ಒಬ್ಬರನ್ನು ಕೇಳಿ. ನೇರ ಬಿಸಿಲು ಬೀಳುವ ಕಿಟಕಿ ಎದುರೂ ಬೇಡ, ಪಾಚಿ ಬರುತ್ತದೆ.

2. ಕಾಗದದ ಮೇಲೆ: ಒಳಗಿಂದ ಹೊರಕ್ಕೆ

ಸ್ಟ್ಯಾಂಡಿನ ಚಿತ್ರ ಬರೆಯುವಾಗ ಎಲ್ಲರೂ ಹೊರಗಿನ ಅಂದದಿಂದ ಶುರು ಮಾಡುತ್ತಾರೆ. ಉಲ್ಟಾ ಮಾಡಿ. ಸಂಪಿನಿಂದ ಶುರು ಮಾಡಿ. ಸಂಪ್ ಅಂದರೆ ಮನೆ ಮುಂದೆ ಕಾವೇರಿ ನೀರು ತುಂಬಿಸಿಡೋದಲ್ಲ, ಸ್ಟ್ಯಾಂಡಿನೊಳಗೆ ಕೂರುವ ಇನ್ನೊಂದು ಸಣ್ಣ ಟ್ಯಾಂಕ್. ಮೇಲಿನ ನೀರು ಅಲ್ಲಿಗೆ ಇಳಿದು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನಲ್ಲಿ ಕೊಳೆ ಬಿಟ್ಟು, ಪಂಪಿನ ಮೂಲಕ ಮೇಲೆ ಹೋಗುತ್ತದೆ.

ಸ್ಕಿಮ್ಮರಿನ ಎತ್ತರ ಅಳೆಯಿರಿ. ಈ ಗಾತ್ರದ ಟ್ಯಾಂಕಿಗೆ ಬರೋದು ಸಾಮಾನ್ಯವಾಗಿ 45 ಸೆಂ.ಮೀ ಆಸುಪಾಸು. ಅದರ ತಲೆ ಮೇಲೆ ಕೊಳೆ ತುಂಬುವ ಕಪ್ ಇರುತ್ತದೆ, ಅದನ್ನು ತೊಳೆಯೋಕೆ ಮೇಲಕ್ಕೆ ಎತ್ತಿ ತೆಗೆಯಬೇಕು, ಅದಕ್ಕೆ ಇನ್ನೂ 15 ಬಿಡಿ. ಒಂದಿಷ್ಟು ಹೆಚ್ಚುವರಿಯೂ ಸೇರಿಸಿದರೆ ಒಳಗಿನ ಖಾಲಿ ಎತ್ತರ ಕನಿಷ್ಠ 65 ಬೇಕು. ಒಟ್ಟು ಸ್ಟ್ಯಾಂಡ್ 78–80ಕ್ಕೆ ಬರುತ್ತದೆ. ಕಪ್ ತೆಗೆಯೋಕೆ ಆಗದೆ ಇಡೀ ಸ್ಕಿಮ್ಮರನ್ನೇ ಓರೆ ಮಾಡಿ ಎಳೆಯುವವರನ್ನು ನೋಡಿದ್ದೇನೆ, ಆ ಕೊಳಕು ನೀರೆಲ್ಲ ವಾಪಸ್ ಸಂಪಿಗೇ.

ಎರಡನೇದು, ಮುಂಬಾಗಿಲಿನ ಮಧ್ಯೆ ಕಂಬ ಬೇಡ. 60 ಸೆಂ.ಮೀ ಫ್ರೇಮಿನಲ್ಲಿ ಎರಡೂ ಕಡೆ 4 ಸೆಂ.ಮೀ ಕಾಲು ಹೋದರೆ ಉಳಿಯೋದು 52. 45 ಉದ್ದದ ಸಂಪ್ ಅದರೊಳಗೆ ಆರಾಮಾಗಿ ಹೋಗಿ ಬರುತ್ತದೆ. ಮಧ್ಯೆ ಕಂಬ ಇದ್ದರೆ ಸಂಪ್ ಒಡೆದ ದಿನ ಅದನ್ನು ಹೊರಗೆ ತೆಗೆಯೋಕೆ ಮೇಲಿನ ಟ್ಯಾಂಕ್ ಇಳಿಸಬೇಕಾಗುತ್ತದೆ.

ಮೂರನೇದು ಕರೆಂಟು ಹೋದಾಗಿನ ಲೆಕ್ಕ. ಪಂಪ್ ನಿಂತ ಕೂಡಲೇ ಮೇಲಿನ ನೀರು ಸ್ವಲ್ಪ ಕೆಳಗಿಳಿಯುತ್ತದೆ. ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ ನೀರು ಅಂದರೆ ಸುಮಾರು 2.5 ಲೀಟರ್. ಮೂರು ಸೆಂ.ಮೀ ಇಳಿದರೆ, ಪೈಪಿನಲ್ಲಿದ್ದದ್ದೂ ಸೇರಿ, 8–9 ಲೀಟರ್ ಸಂಪಿಗೆ ಬರುತ್ತದೆ. ಸಂಪಿನಲ್ಲಿ ಅದಕ್ಕೆ ಜಾಗ ಇರಲೇಬೇಕು. ನೀರನ್ನು ವಾಪಸ್ ತರುವ ಪೈಪಿನ ತುದಿ ಟ್ಯಾಂಕಿನೊಳಗೆ ಆಳಕ್ಕೆ ಮುಳುಗಿದ್ದರೆ ಅದೇ ಸೈಫನ್ ಆಗಿ ತುದಿ ಮಟ್ಟದವರೆಗೂ ನೀರೆಳೆಯುತ್ತದೆ, ಆಗ ಹಾಲ್ ತುಂಬ ನೀರು. ತುದಿಯನ್ನು ನೀರಿನ ಮೇಲ್ಮೈ ಹತ್ತಿರವೇ ಇಡಿ.

3. ಫ್ರೇಮ್

40×40 ಎಂಎಂ ಚೌಕದ ಎಂಎಸ್ (ಗೇಟು, ಗ್ರಿಲ್ಲಿಗೆ ಹಾಕುವ ಮಾಮೂಲಿ ಕಬ್ಬಿಣ) ಟ್ಯೂಬ್, 2 ಎಂಎಂ ದಪ್ಪ. 25 ಎಂಎಂ ಸಾಕು ಅಂತ ವೆಲ್ಡಿಂಗ್‌ನವರು ಹೇಳುತ್ತಾರೆ, ಬಲದ ಲೆಕ್ಕದಲ್ಲಿ ಅದು ನಿಜವೂ ಹೌದು. ನಾನು 40ನ್ನೇ ಹಾಕಿಸುತ್ತೇನೆ. ತುಕ್ಕು ಒಂದಷ್ಟು ತಿಂದರೂ ಉಳಿಯುವುದಿರುತ್ತದೆ.

ವೆಲ್ಡಿಂಗ್ ಅಂಗಡಿಯಲ್ಲಿ ನೀವು ಪಕ್ಕದಲ್ಲೇ ನಿಂತಿರಬೇಕಾದ ಹಂತ ಇದು. ಅವರು ಗೇಟು, ಗ್ರಿಲ್ಲು ಮಾಡಿ ಪಳಗಿದವರು. ಗೇಟು ಎರಡು ಎಂಎಂ ತಿರುಚಿಕೊಂಡರೆ ಯಾರಿಗೂ ಗೊತ್ತಾಗಲ್ಲ, ಟ್ಯಾಂಕಿನ ಗಾಜಿಗೆ ಗೊತ್ತಾಗುತ್ತದೆ. ಮೊದಲು, ಮೇಲಿನ ಚೌಕಟ್ಟು ನಾಲ್ಕು ಕಾಲುಗಳ ತಲೆ ಮೇಲೆ ಕೂರಬೇಕು. ಕಾಲುಗಳ ನಡುವೆ ಅಡ್ಡಪಟ್ಟಿ ಇಟ್ಟು ಬರೀ ಬೆಸುಗೆಯಲ್ಲಿ ನೇತುಹಾಕಿದರೆ ಇಡೀ ಭಾರವನ್ನು ಬೆಸುಗೆ ಹೊರಬೇಕಾಗುತ್ತದೆ. ಆಮೇಲೆ, ಒಂದು ಮೂಲೆಯನ್ನು ಪೂರ್ತಿ ಬೆಸೆದು ಮುಂದಿನದಕ್ಕೆ ಹೋಗೋದು ಬೇಡ. ಬೆಸುಗೆ ಆರುವಾಗ ಕಬ್ಬಿಣ ಕುಗ್ಗಿ ಫ್ರೇಮನ್ನು ಎಳೆಯುತ್ತದೆ. ಎಲ್ಲ ಮೂಲೆಗೂ ಮೊದಲು ಚುಕ್ಕಿ ಬೆಸುಗೆ ಹಾಕಿಸಿ, ಕರ್ಣ ಅಳೆಯಿರಿ. ಹೊರ ಅಳತೆ 60 ಮತ್ತು 45 ಇದ್ದರೆ ಕರ್ಣ ಸರಿಯಾಗಿ 75 ಬರಬೇಕು, ಎರಡೂ ಕಡೆಯಿಂದ. ಬಂದರೆ ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದು ಬೆಸೆಯಲಿ. ಹಿಂಭಾಗಕ್ಕೆ, ಎರಡೂ ಪಕ್ಕಕ್ಕೆ ಅಡ್ಡಪಟ್ಟಿ ಅಥವಾ ಮೂಲೆಗೆ ತ್ರಿಕೋನದ ತುಂಡು ಬೇಕು. ನೇರ ಕೆಳಗೆ ಒತ್ತುವ ಭಾರಕ್ಕಿಂತ ಪಕ್ಕಕ್ಕೆ ತೂಗಾಡೋದು ಅಪಾಯ, ಮಕ್ಕಳು ಓಡಿಬಂದು ಗುದ್ದುವ ಮನೆಯಲ್ಲಂತೂ.

ಎಲ್ಲ ಮುಗಿದ ಮೇಲೆ ಫ್ರೇಮನ್ನು ತಲೆಕೆಳಗು ಮಾಡಿ ಗ್ರಾನೈಟ್ ಮೇಲೆ ಇಡಿ. ನಾಲ್ಕು ಮೂಲೆಗಳಲ್ಲೂ ಒಂದು ಕಾಗದ ತೂರಿಸಿ ನೋಡಿ. ಒಂದು ಮೂಲೆಯಲ್ಲಿ ಸಲೀಸಾಗಿ ಹೋದರೆ ಅಲ್ಲೇ ಸರಿ ಮಾಡಿಸಿ, "ಮೇಲೆ ಭಾರ ಬಿದ್ದರೆ ಕೂತುಕೊಳ್ಳುತ್ತೆ ಸಾರ್" ಅನ್ನೋ ಮಾತಿಗೆ ಕಿವಿಗೊಡಬೇಡಿ. ಮೇಲ್ಭಾಗದ ಬೆಸುಗೆ ಗುಳ್ಳೆಗಳನ್ನು ಗ್ರೈಂಡರ್‌ನಲ್ಲಿ ಪೂರ್ತಿ ಉಜ್ಜಿಸಿ.

ಟ್ಯೂಬಿನ ತೆರೆದ ತುದಿಗಳನ್ನೆಲ್ಲ ತಗಡಿನ ತುಂಡು ಬೆಸೆದು ಮುಚ್ಚಿಸಿ, ಒಳಗೆ ಹೋದ ಉಪ್ಪುನೀರು ಒಳಗಿಂದಲೇ ತಿನ್ನುತ್ತದೆ. ಬರೀ ರೆಡ್ ಆಕ್ಸೈಡ್ ಸಾಲದು. ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಎಪಾಕ್ಸಿ ಪೇಂಟ್. ಪೌಡರ್ ಕೋಟಿಂಗ್ ಚೆನ್ನಾಗಿ ಕಾಣುತ್ತದೆ, ಆದರೆ ಬೇಕಾದ ತೂತೆಲ್ಲ ಮೊದಲೇ ಕೊರೆಸಿರಬೇಕು. ಆಮೇಲೆ ಕೊರೆದ ಪ್ರತಿ ತೂತಿನಿಂದ ತುಕ್ಕು ಶುರುವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದೇ ಮಾಡಿಸಿಬಿಡೋಣ ಅಂತೀರಾ? 304 ದರ್ಜೆಯ ಸ್ಟೀಲಿಗೂ ಉಪ್ಪು ಚುಕ್ಕೆ ಹಿಡಿಸುತ್ತದೆ, 316 ತಾಳುತ್ತದೆ, ಬೆಲೆ ಕೇಳಿದರೆ ನಿಮಗೆ ತಾಳಲ್ಲ.

4. ಮರದ ಕೆಲಸ

ಐಎಸ್ 710 ಗುರುತಿರುವ, ನೀರಿಗೆ ತಾಳುವ ಬಿಡಬ್ಲ್ಯೂಪಿ ಪ್ಲೈವುಡ್, 18 ಎಂಎಂ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡ. ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಬಾಗಿಲಿಗೆ ಮಾತ್ರ ಸರಿ. ಕಾರ್ಪೆಂಟರ್ ಮೇಲೆ ಕೆಳಗೆ ಲ್ಯಾಮಿನೇಟ್ ಹಾಕಿ ಅಂಚನ್ನು ಹಾಗೇ ಬಿಡುತ್ತಾರೆ, ನೀರು ಕುಡಿಯೋದೇ ಅಂಚು. ಅಂಚು, ಪೈಪಿನ ತೂತು, ಸ್ಕ್ರೂ ತೂತು ಎಲ್ಲಕ್ಕೂ ಎಪಾಕ್ಸಿ ಬಳಿಸಿ. ಬಾಗಿಲಿಗೆ ಹಿಂಜ್ ಬೇಡ ಅನ್ನೋದು ನನ್ನ ಹಠ, ಕಬ್ಬಿಣದ ಮಾಮೂಲಿ ಹಿಂಜ್‌ಗಳು ಸಂಪಿನ ಹಬೆಗೆ ತುಕ್ಕು ಹಿಡಿದು ಕಿರುಗುಟ್ಟುತ್ತವೆ. ಮ್ಯಾಗ್ನೆಟ್ ಮೇಲೆ ನಿಲ್ಲುವ, ಪೂರ್ತಿ ಎತ್ತಿಡುವ ಹಲಗೆ ಮಾಡಿಸಿ. ಹಿಂದೆ ಗಾಳಿ ಆಡೋಕೆ ಜಾಗ ಬಿಡಿ.

5. ಮಟ್ಟ

ಕಾಲುಗಳಿಗೆ ಮೊದಲೇ ಲೆವೆಲಿಂಗ್ ಬೋಲ್ಟ್ ಹಾಕಿಸಿರಿ. ಹಾಲಿನ ಟೈಲ್ಸ್ ಮಟ್ಟವಾಗಿರುತ್ತದೆ ಅಂತ ನಂಬಬೇಡಿ. ರಸಮಟ್ಟ ಇಟ್ಟು ಉದ್ದ, ಅಗಲ, ಎರಡೂ ಕರ್ಣ ನೋಡಿ ಬೋಲ್ಟ್ ತಿರುಗಿಸಿ. ಸರಿ ಮಾಡೋದೇನಿದ್ದರೂ ಸ್ಟ್ಯಾಂಡಿನ ಕೆಳಗೆ. ಟ್ಯಾಂಕ್ ಮತ್ತು ಸ್ಟ್ಯಾಂಡಿನ ನಡುವೆ ರಟ್ಟು, ಪ್ಲೈ ಚೂರು ತುರುಕಿದರೆ ಇಡೀ ಭಾರ ಆ ಚೂರಿನ ಮೇಲೆ ಕೂತು ತಳದ ಗಾಜು ಸೀಳುತ್ತದೆ.

ತಳದ ಗಾಜು ನೇರವಾಗಿ ಹಲಗೆ ಮೇಲೆ ಕೂರುವ ಟ್ಯಾಂಕಾದರೆ ಕೆಳಗೆ 10 ಎಂಎಂ ಥರ್ಮಾಕೋಲ್ ಅಥವಾ ಫೋಮ್ ಹಾಸಿ. ಸುತ್ತ ಚೌಕಟ್ಟಿದ್ದು ತಳ ಮೇಲೆದ್ದಿರುವ ಟ್ಯಾಂಕಾದರೆ ಏನೂ ಹಾಸಬೇಡಿ. ನಿಮ್ಮದು ಯಾವುದು ಅಂತ ಟ್ಯಾಂಕ್ ಮಾಡಿದವರನ್ನೇ ಕೇಳಿ.

ಅರ್ಧ ನೀರು ತುಂಬಿಸಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ನೀರಿನ ಗೆರೆಯಿಂದ ಗಾಜಿನ ಮೇಲಂಚಿಗೆ ನಾಲ್ಕು ಮೂಲೆಯಲ್ಲೂ ಸ್ಕೇಲ್ ಹಿಡಿದು ಅಳೆಯಿರಿ. ಎರಡು ಎಂಎಂ ಒಳಗಿನ ವ್ಯತ್ಯಾಸ ನಡೆಯುತ್ತದೆ. ಜಾಸ್ತಿ ಇದ್ದರೆ ನೀರು ಖಾಲಿ ಮಾಡಿ ಬೋಲ್ಟ್ ತಿರುಗಿಸಿ, ತುಂಬಿದ ಟ್ಯಾಂಕಿನ ಕೆಳಗೆ ಸ್ಪ್ಯಾನರ್ ಹಿಡಿದು ಕೂರೋದು ಬೇಡ. ಆಮೇಲೆ ಪೂರ್ತಿ ತುಂಬಿಸಿ, ಪಂಪ್ ಓಡಿಸಿ, ಸ್ವಿಚ್ ಆರಿಸಿ, ಸಂಪ್ ಉಕ್ಕುತ್ತದಾ ನೋಡಿ. ಈ ಪರೀಕ್ಷೆಯೆಲ್ಲ ಸಾದಾ ನೀರಲ್ಲೇ. ಎಲ್ಲಾದರೂ ಸಿಲಿಕಾನ್ ಹಚ್ಚಬೇಕಾದರೆ ಬಾತ್‌ರೂಮಿಗೆ ಬರುವ ಫಂಗಸ್ ನಿರೋಧಕ ಸಿಲಿಕಾನ್ ತರಬೇಡಿ, ಅದರಲ್ಲಿರುವ ವಿಷ ಮೀನಿಗೂ ವಿಷವೇ.

6. ಕರೆಂಟು

ಸ್ಪೈಕ್ ಬಸ್ಟರ್ ಸಂಪಿನ ಪಕ್ಕ ನೆಲದ ಮೇಲೆ ಮಲಗಿರಬಾರದು. ಸ್ಟ್ಯಾಂಡಿನ ಹೊರಗೆ, ಎತ್ತರದಲ್ಲಿ ಸ್ಕ್ರೂ ಹಾಕಿ ನಿಲ್ಲಿಸಿ. ಪ್ರತಿ ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೆ ಹೋಗಲಿ, ವೈರ್ ಹಿಡಿದು ಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದ ಲೈನಿಗೆ ಸಿಕ್ಕಿಸಲೇಬೇಡಿ. ಟ್ಯಾಂಕಿನೊಳಗೆ ನೀರು ಕದಲಿಸುವ ಒಂದು ವೇವ್‌ಮೇಕರ್ ಆದರೂ ಯುಪಿಎಸ್ ಮೇಲಿರಲಿ. ಕರೆಂಟು ಹೋದಾಗ ಮೀನು ಮೊದಲು ಸಾಯೋದು ಆಮ್ಲಜನಕ ಇಲ್ಲದೆ.

7. ನೀರು, ಉಪ್ಪು, ಕಲ್ಲು

ಮನೆಯ ಕುಡಿಯುವ ನೀರಿನ ಆರ್‌ಓ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ರುಚಿಗೆ ಅಂತ ಅವುಗಳಲ್ಲಿ ಹಲವು ಒಂದಷ್ಟು ಖನಿಜ ವಾಪಸ್ ಸೇರಿಸುತ್ತವೆ. ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು, ಅದಕ್ಕೆ ಆರ್‌ಓ ಬಿಟ್ಟ ಖನಿಜವನ್ನೂ ಹಿಡಿಯುವ ಡಿಐ ರೆಸಿನ್ ಇರುವ ಫಿಲ್ಟರ್ ಬೇಕು. ಅಡುಗೆ ಉಪ್ಪು, ಕಲ್ಲುಪ್ಪು ನಡೆಯೋದಿಲ್ಲ, ಹವಳದ ಟ್ಯಾಂಕಿಗೆ ಅಂತಲೇ ಬರುವ ರೀಫ್ ಸಾಲ್ಟನ್ನೇ ತನ್ನಿ. ಮಲ್ಪೆಯಿಂದಲೋ ಪಣಂಬೂರಿನಿಂದಲೋ ಕ್ಯಾನಿನಲ್ಲಿ ನೀರು ತರುವ ಯೋಚನೆಯೂ ಬೇಡ. ದಡದ ನೀರಿನಲ್ಲಿ ಕೆಸರು, ಕೊಳೆ ಎರಡೂ ಇರುತ್ತವೆ, ಮಳೆಗಾಲದಲ್ಲಿ ಉಪ್ಪೂ ಇಳಿದಿರುತ್ತದೆ. ಉಪ್ಪು ಬೆರೆಸಿ ನೀರಿನ ಸಾಂದ್ರತೆಯನ್ನು 1.025ಕ್ಕೆ ತನ್ನಿ. ನೀರು ಆವಿಯಾದರೆ ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ದಿನಾ ಸೇರಿಸೋದು ಸಾದಾ ಆರ್‌ಓ–ಡಿಐ ನೀರು.

ಕಲ್ಲು ಜೋಡಿಸಿ, ಕೊಳೆಯ ವಿಷ ಇಳಿಸುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲಿ ಅಂತ ನಾಲ್ಕರಿಂದ ಆರು ವಾರ ಕಾಯಿರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯೋವರೆಗೆ ಮೀನಿಲ್ಲ. ಬ್ಯಾಕ್ಟೀರಿಯಾ ಬಾಟಲಿ ಹಾಕಿ ಇವತ್ತೇ ಮೀನು ಬಿಡಿ ಅನ್ನುವ ಅಂಗಡಿಯವರಿಗೆ ಮೀನು ಮಾರಬೇಕಿರುತ್ತದೆ. ಉಷ್ಣತೆ 25–27 ಡಿಗ್ರಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದು ಅಷ್ಟು ಕೆಲಸ ಮಾಡಲ್ಲ, ನೀರು ತಣ್ಣಗೆ ಮಾಡುವ ಚಿಲ್ಲರ್ ಯಂತ್ರ ಬೇಕು. ಚಿಲ್ಲರನ್ನು ಸ್ಟ್ಯಾಂಡಿನ ಒಳಗಿಟ್ಟು ಬಾಗಿಲು ಮುಚ್ಚಬೇಡಿ, ಅದು ಹೊರಹಾಕಿದ ಬಿಸಿ ಮತ್ತೆ ಸಂಪಿಗೇ ಹೋಗುತ್ತದೆ.

8. ಹವಳ, ಮೀನು

ಗಟ್ಟಿ ಹವಳ, ಸಮುದ್ರಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ನೇತ್ರಾಣಿಗೆ ಡೈವಿಂಗ್ ಹೋದವರು ಒಂದು ತುಂಡು ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ, ಅದು ಜೈಲಿನ ದಾರಿ. ಮೃದು ಹವಳಗಳು, ಅಂದರೆ ಮಶ್ರೂಮ್, ಲೆದರ್, ಝೋವಾಂತಿಡ್ ಇಂಥವೇ ಮೊದಲ ಟ್ಯಾಂಕಿಗೆ ಸಾಕು. ಬಿಲ್ಲು, ಆಮದು ಕಾಗದ ಕೇಳಿ ಕೊಳ್ಳಿ. ಝೋವಾಂತಿಡ್ ಮುಟ್ಟುವಾಗ ಗ್ಲೌಸ್ ಹಾಕಿ. ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷವಿದೆ, ಅವು ಹತ್ತಿದ ಕಲ್ಲನ್ನು ಕುದಿಸಿದರೆ ಹಬೆಯಲ್ಲೇ ಬರುತ್ತದೆ.

ಮೀನು ಎರಡು ಕ್ಲೌನ್, ಒಂದು ಗೋಬಿ. ಅಷ್ಟೇ. ಕ್ಲೌನ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸುವುದನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಾಧಿಸಿ ತುಂಬ ಕಾಲವಾಯಿತು, ಸಾಕಿದ ಮರಿಯನ್ನೇ ಕೇಳಿ ತನ್ನಿ. ಮಕ್ಕಳು ಕೇಳುವ ನೀಲಿ ಟ್ಯಾಂಗ್ 30 ಸೆಂ.ಮೀ ಬೆಳೆಯುತ್ತದೆ, ನಿಮ್ಮ ಟ್ಯಾಂಕಿನ ಉದ್ದವೇ 60. ಮೀನಿಗೆ ಕಾಯಿಲೆ ಬಂದರೆ ತಾಮ್ರ ಇರುವ ಔಷಧಿಯನ್ನು ಈ ಟ್ಯಾಂಕಿಗೆ ಸುರಿಯಬೇಡಿ, ಹವಳ, ಸಿಗಡಿ ಎಲ್ಲ ಹೋಗುತ್ತವೆ. ಬೇರೆ ಡಬ್ಬದಲ್ಲಿ ಚಿಕಿತ್ಸೆ ಮಾಡಿ. ಇನ್ನು ಹಬ್ಬಕ್ಕೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋಗಬೇಡಿ. ಪಾಪ ಹಸಿದಿದೆ ಅಂತ ಸುಮ್ನೆ ಸುರಿಯುತ್ತಾರೆ. ದಿನಕ್ಕೊಂದು ಚಿಟಿಕೆಯಂತೆ ಪೊಟ್ಟಣ ಕಟ್ಟಿ ತಾರೀಕು ಬರೆದಿಡಿ, ಉಳಿದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.