ಸೀಮೆಸುಣ್ಣ ಬಿಟ್ಟು ದೋಟಿ ಹಿಡಿದ ಮೇಲೆ

ಶಿರಸಿ ತಾಲೂಕಿನ ಅನುದಾನರಹಿತ ಪ್ರೌಢಶಾಲೆಯೊಂದರಲ್ಲಿ ನಾನು ಹತ್ತಿರಹತ್ತಿರ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಮೊದಲು ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಮರುವರ್ಷ ಮಕ್ಕಳ ಸಂಖ್ಯೆ ಇಳಿದಿದೆ ಎಂದು ನನ್ನನ್ನೂ ಇನ್ನಿಬ್ಬರನ್ನೂ ಕೈಬಿಟ್ಟರು. ಆಗ ನನಗೆ ನಲವತ್ತನಾಲ್ಕು. ಈಗ ನಾನು ಹುಲೇಕಲ್ ಸುತ್ತಿನ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿಯಿಂದ, ಅಂದರೆ ತುದಿಯಲ್ಲಿ ಕತ್ತಿಯಿರುವ ಉದ್ದನೆಯ ಕೋಲಿನಿಂದ, ಅಡಿಕೆ ಕೊನೆ (ಗೊಂಚಲು) ಕೊಯ್ಯುತ್ತೇನೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುತ್ತೇನೆ. ಈ ಎರಡರ ನಡುವೆ ಒಂದು ಭಯದ ಕಾಲವಿತ್ತು. ಅದರ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಸಿವಿನ ಭಯವೇನೂ ಇರಲಿಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಹಿತ್ತಿಲಾಚೆ ಕೆಲವು ಗುಂಟೆ ತೋಟವಿದೆ, ಊಟಕ್ಕೆ ತೊಂದರೆಯಿಲ್ಲ. ನನ್ನನ್ನು ನಡುರಾತ್ರಿ ಎಬ್ಬಿಸುತ್ತಿದ್ದದ್ದು ಬೇರೆ. ಊರಿನವರು ಅರ್ಜಿ ಬರೆಸಿಕೊಳ್ಳಲು, ಮಗನನ್ನು ಯಾವ ಕಾಲೇಜಿಗೆ ಸೇರಿಸಲಿ ಎಂದು ಕೇಳಲು ಬರುತ್ತಿದ್ದದ್ದು ನನ್ನ ಬಳಿಗೆ. ಎಲ್ಲರ ಬಾಯಲ್ಲೂ ಮಾಸ್ತರು. ಅಂಥವನು ಈ ವಯಸ್ಸಿನಲ್ಲಿ ಏನೂ ತಿಳಿಯದವನಾಗಿ ಇನ್ನೊಬ್ಬರ ಮುಂದೆ ನಿಲ್ಲಬೇಕಲ್ಲ ಎಂಬುದು ಎದೆಯ ಮೇಲೆ ಕೂತಿತ್ತು. ತರಗತಿಯಲ್ಲಿ ಉತ್ತರ ಹೊಳೆಯದಿದ್ದರೆ ನಾಳೆ ಹೇಳುತ್ತೇನೆ ಎನ್ನಬಹುದು. ಹೊಸ ಕೆಲಸದಲ್ಲಿ ಕೈ ನಡುಗುವುದನ್ನು ಎಲ್ಲರೂ ನೋಡುತ್ತಾರೆ.

ಧೈರ್ಯ ಮಾಡಿ ಧುಮುಕು ಎಂದು ಹೇಳಿದವರು ಬಹಳ ಜನ. ಅವರ ಪ್ರೀತಿಯನ್ನು ಗೌರವಿಸುತ್ತೇನೆ, ಆದರೆ ಆ ಮಾತು ನನಗೆ ಎಳ್ಳಷ್ಟೂ ಉಪಯೋಗಕ್ಕೆ ಬರಲಿಲ್ಲ. ಸಂಸಾರಸ್ಥ ಧುಮುಕಬಾರದು. ಇಳಿಯಬೇಕು, ಕಾಲಿಗೆ ನೆಲ ಸಿಗುತ್ತದೆಯೇ ಎಂದು ನೋಡಿಕೊಂಡು ಇಳಿಯಬೇಕು. ನಾನು ಮಾಡಿದ್ದು ಮೇಷ್ಟರ ಬುದ್ಧಿಗೆ ತೋಚಿದ ಕೆಲಸ: ಒಂದು ಹಳೆಯ ನೋಟ್‌ಬುಕ್ ತೆಗೆದು ಭಯಗಳನ್ನು ಒಂದೊಂದಾಗಿ ಬರೆದೆ. ಬೀಳುತ್ತೇನೆಯೇ? ಕುತ್ತಿಗೆ, ಸೊಂಟ ತಡೆಯುತ್ತವೆಯೇ? ಕೆಲಸವಿಲ್ಲದ ತಿಂಗಳುಗಳಲ್ಲಿ ಮಗಳ ಕಾಲೇಜಿನ ಫೀಸು ಎಲ್ಲಿಂದ? ಹಳೆಯ ವಿದ್ಯಾರ್ಥಿಗಳ ತಂದೆತಾಯಿ ಏನೆನ್ನುತ್ತಾರೆ? ಎಲ್ಲವೂ ಒಟ್ಟಾಗಿ ತಲೆಯೊಳಗಿದ್ದಾಗ ದೊಡ್ಡದೊಂದು ಕತ್ತಲೆಯಾಗಿತ್ತು. ಕಾಗದದ ಮೇಲೆ ಬಂದಾಗ ಅರ್ಧಕ್ಕಿಂತ ಹೆಚ್ಚಿನವು ಬರೀ ಪ್ರಶ್ನೆಗಳು, ಬಲ್ಲವರನ್ನು ಕೇಳಿದರೆ ತೀರುವಂಥವು. ಕೆಲವು ಮಾಡಿ ನೋಡಿದರಷ್ಟೇ ತಿಳಿಯುವಂಥವು. ಜನ ಏನೆನ್ನುತ್ತಾರೆ ಎಂಬುದೊಂದಕ್ಕೆ ಮಾತ್ರ ಉತ್ತರವಿರಲಿಲ್ಲ. ಅದನ್ನು ಪುಟದ ಕೊನೆಗೆ ಇಳಿಸಿದೆ.

ದೋಟಿಯನ್ನೇ ಏಕೆ ಆರಿಸಿಕೊಂಡೆ ಎಂದರೆ, ನಮ್ಮ ಸೀಮೆಯಲ್ಲಿ ಕೊನೆ ಕೊಯ್ಯುವವರ ಕೊರತೆ ಕಣ್ಣಿಗೆ ಹೊಡೆಯುವಷ್ಟಿದೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಮುದುಕರಾಗಿದ್ದಾರೆ, ಅವರ ಮಕ್ಕಳು ಗೋವಾಕ್ಕೋ ಬೆಂಗಳೂರಿಗೋ ಹೋಗಿದ್ದಾರೆ. ಸಂಪಿಗೆಯಂತೆ ನೆಟ್ಟಗೆ ಬೆಳೆದ ಮರದ ತುದಿಯಲ್ಲಿ ಕೊನೆ ಹಣ್ಣಾಗುತ್ತಿದ್ದರೂ ಹತ್ತುವವರಿಲ್ಲದೆ ತೋಟಿಗರು ಕೈಕಟ್ಟಿ ನಿಂತದ್ದನ್ನು ನಾನೇ ನೋಡಿದ್ದೆ. ದೋಟಿಯಾದರೆ ನೆಲದಲ್ಲೇ ನಿಂತು ಕೊಯ್ಯಬಹುದು. ಹಾಗಾಗಿ ಬೀಳುವ ಭಯ ನೋಟ್‌ಬುಕ್ಕಿನಿಂದ ಮೊದಲು ಹೊಡೆದುಹಾಕಿದ ಭಯವಾಯಿತು.

ಕೇಳಲು ಹೋದದ್ದು ನಮ್ಮೂರಿನ ಹಿರಿಯ ಕೊನೆಗೌಡರ ಮನೆಗೆ. ಅಂಗಳದವರೆಗೆ ಹೋಗುವುದು ಬಹಳ ಕಷ್ಟವಾಯಿತು ಎಂದು ಮುಚ್ಚಿಡದೆ ಹೇಳುತ್ತೇನೆ. ಅವರು ಕವಳದ ತಟ್ಟೆ ಮುಂದೆ ಸರಿಸಿ, “ಮಾಸ್ತರೇ, ದೋಟಿ ನಾನು ಹಿಡಿದವನಲ್ಲ. ಆದರೆ ಕೊನೆ ನೋಡುವುದನ್ನು ಹೇಳಿಕೊಡಬಲ್ಲೆ” ಎಂದರು. ಅದೇ ದೊಡ್ಡ ವಿದ್ಯೆ ಎಂದು ಆಮೇಲೆ ತಿಳಿಯಿತು. ದೋಟಿ ಏರಿಸುವುದನ್ನು ತರಬೇತಿ ಶಿಬಿರದಲ್ಲಿ ಕಲಿಸುತ್ತಾರೆ, ನಾನೂ ಅಲ್ಲೇ ಕಲಿತೆ. ಯಾವ ಕೊನೆ ಇಂದು, ಯಾವುದು ಹದಿನೈದು ದಿನ ಬಿಟ್ಟು ಎಂಬುದನ್ನು ಶಿಬಿರ ಕಲಿಸುವುದಿಲ್ಲ.

“ಮೇಲೆ ನೋಡಬೇಡಿ, ಮೊದಲು ಬುಡ ನೋಡಿ” ಎಂಬುದು ಅವರ ಮೊದಲ ಪಾಠ. ಬುಡದಲ್ಲಿ ಬಿದ್ದ ಕಾಯಿಯನ್ನು ಎತ್ತಿ, ಕತ್ತಿಯಿಂದ ಸೀಳಿ, ಒಳಗಿನ ಬೇಳೆ ಎಷ್ಟು ಎಳೆಯದು ಎಂದು ಉಗುರಿನಿಂದ ಒತ್ತಿ ತೋರಿಸಿದರು. ಬೇಯಿಸಿ ಕೆಂಪಡಿಕೆ ಮಾಡುವ ಮನೆಯಾದರೆ ಸಿಪ್ಪೆ ಹಸಿರಿರುವಾಗಲೇ ಕೊಯ್ಯಬೇಕು. ಕೊನೆಯಲ್ಲಿ ಒಂದೆರಡು ಕಾಯಿ ಹಳದಿಗೆ ತಿರುಗಿತೆಂದರೆ ಹದ ದಾಟಿತು. ಬೆಟ್ಟೆ ಅಥವಾ ರಾಶಿ ಎಂಬ ಕೆಂಪಡಿಕೆಯ ದರ್ಜೆ ಆಗಬೇಕಾದದ್ದು ಬಲಿತ ಕಾಯಿಯ ಗೋಟಾಗುತ್ತದೆ. ಶಿರಸಿ ಮಾರುಕಟ್ಟೆಯಲ್ಲಿ ಬೆಟ್ಟೆ, ರಾಶಿ, ಕೆಂಪುಗೋಟು, ಚಾಲಿ (ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದು) ಎಲ್ಲಕ್ಕೂ ಬೇರೆ ಬೇರೆ ದರ. ಕೊಯ್ಯುವವನ ಕಣ್ಣು ತಪ್ಪಿದರೆ ನಷ್ಟ ತೋಟಿಗರದ್ದು. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಸರು ಉಳಿಯುವುದರಲ್ಲಿ ಇಂಥ ಮುದುಕರ ಉಗುರಿನ ಪಾಲು ದೊಡ್ಡದು.

ಆ ದಿನ ನನ್ನೊಳಗೆ ಏನೋ ಸಡಿಲವಾಯಿತು. ಇಪ್ಪತ್ತು ವರ್ಷ ಮಕ್ಕಳನ್ನು “ತಿಳಿಯದಿದ್ದರೆ ಕೇಳಿ” ಎಂದು ಗದರಿದವನು ನಾನು. ಕೇಳುವವನಿಗೆ ಎದೆ ಹೀಗೆ ಹೊಡೆದುಕೊಳ್ಳುತ್ತದೆ ಎಂಬುದು ಗೊತ್ತಿರಲಿಲ್ಲ. ಕೇಳಿದ ಮೇಲೆ ಅದು ಎಷ್ಟು ಬೇಗ ಇಳಿಯುತ್ತದೆ ಎಂಬುದೂ ಗೊತ್ತಿರಲಿಲ್ಲ.

ಮೊದಲ ಅಭ್ಯಾಸ ನಮ್ಮ ಹಿತ್ತಿಲ ತೋಟದ ಗಿಡ್ಡ ಮರಗಳಲ್ಲಿ. ಕೊಳವೆಯೊಳಗೆ ಕೊಳವೆ ಸೇರಿದ ದೋಟಿಯನ್ನು ಮರದ ಪಕ್ಕದಲ್ಲೇ ನೆಟ್ಟಗೆ ನಿಲ್ಲಿಸಿ, ತುದಿಯ ಸಣ್ಣ ಕೊಳವೆಯಿಂದ ಒಂದೊಂದಾಗಿ ಎಳೆದು ಬಿಗಿ ಹಾಕುತ್ತ ಏರಿಸಬೇಕು. ನೆಟ್ಟಗಿದ್ದಷ್ಟು ಹೊತ್ತು ಅದರ ಭಾರ ನೆಲದ್ದು. ಸ್ವಲ್ಪ ವಾಲಿತೋ, ಭಾರವೆಲ್ಲ ನಮ್ಮ ರಟ್ಟೆಯದು. ಗಾಳಿ ಬಂದಾಗ ತುದಿ ತೂಗುತ್ತದೆ. ಆಗ ಸೆಣಸದೆ ಮರಕ್ಕೆ ಒರಗಿಸಿ ಕಾಯಬೇಕು. ಕುತ್ತಿಗೆ ನೋವಿಗೆ ನಾನು ಕಂಡುಕೊಂಡ ಉಪಾಯವೆಂದರೆ ಕತ್ತಿ ಕೊನೆಯ ಬುಡಕ್ಕೆ ಸಿಕ್ಕುವವರೆಗೆ ಮಾತ್ರ ಮೇಲೆ ನೋಡುವುದು, ಎಳೆಯುವಾಗ ತಲೆ ತಗ್ಗಿಸಿ ಕೈಯ ಲೆಕ್ಕದಲ್ಲಿ ಎಳೆಯುವುದು. ಕೊನೆಗೌಡ ಮರದ ಮೇಲಿಂದ ಹಗ್ಗದಲ್ಲಿ ಜಾರಿಬಿಟ್ಟ ಕೊನೆ ಕಾಯಿ ಚೆದುರದೆ ಇಳಿಯುತ್ತದೆ. ದೋಟಿಯಿಂದ ಬಿದ್ದದ್ದು ಚೆದುರುತ್ತದೆ, ಕೆಳಗೆ ಬಲೆ ಹಿಡಿಯುವವರು ಬೇಕು. ಈ ಕೊರತೆಯನ್ನು ತೋಟಿಗರಿಗೆ ಮೊದಲೇ ಹೇಳಿಬಿಡುತ್ತೇನೆ.

ದೋಟಿಯನ್ನು ಕೊಳ್ಳಲು ಮೊದಲ ವರ್ಷ ನಾನು ಸಾಲ ಮಾಡಲಿಲ್ಲ. ದೋಟಿಯಿದ್ದ ಒಬ್ಬರ ತಂಡದಲ್ಲಿ ಬಲೆ ಹಿಡಿಯುವವನಾಗಿ ಸೇರಿದೆ, ಮಧ್ಯೆ ಮಧ್ಯೆ ಕೈ ಪಳಗಿಸಿಕೊಂಡೆ. ಈ ಕೆಲಸ ನನ್ನ ಮೈಗೆ ಒಗ್ಗುತ್ತದೆ ಎಂದು ಖಾತ್ರಿಯಾದ ಮೇಲೆ ಇನ್ನೊಬ್ಬರೊಂದಿಗೆ ಪಾಲಿನಲ್ಲಿ ಕೊಂಡೆ. ಸಾಲದ ಕಂತು ಬೆನ್ನ ಮೇಲಿದ್ದಿದ್ದರೆ ಕಲಿಯಲು ಬೇಕಾದ ತಾಳ್ಮೆ ನನಗೆ ಉಳಿಯುತ್ತಿರಲಿಲ್ಲ.

ಆದರೂ ಆ ಕೆಲಸ ನನ್ನದು ಎನ್ನಿಸಿದ್ದು ಕೊಯ್ಲಿನಲ್ಲಿ ಅಲ್ಲ, ಅದರ ಮುಂದಿನ ಮಳೆಗಾಲದಲ್ಲಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೂಲದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳದ್ದು, 1880ರ ದಶಕದ್ದು. ನಮ್ಮ ಕಡೆಯ ಅಡಿಕೆಗೆ ಅದನ್ನು ದಾಟಿಸಿದವರಲ್ಲಿ ಮುಖ್ಯರು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ, ಕೊನೆಗಳಿಗೆ ಇದನ್ನು ಸಿಂಪಡಿಸಿ ಎಂದರು. ಲೆಕ್ಕ ಸರಳ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಪ್ರತ್ಯೇಕ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಪಾತ್ರೆ ಪ್ಲಾಸ್ಟಿಕ್ಕಿನದ್ದಿರಬೇಕು, ಕಬ್ಬಿಣದ್ದು ಕೂಡದು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನ ಬಿಟ್ಟು.

ಒಂದು ತೋಟದಲ್ಲಿ ಮನೆಯ ಯಜಮಾನರು ಡ್ರಮ್ಮಿನೊಳಗೆ ಉಜ್ಜಿದ ಚೂರಿಯನ್ನು ಅದ್ದಿ, ಎತ್ತಿ, ಬೆಳಕಿಗೆ ಹಿಡಿದರು. ಅಲಗಿನ ಮೇಲೆ ನಸುಗೆಂಪು ಕೂತಿತ್ತು. “ಸುಣ್ಣ ಸಾಲದು” ಎಂದರು. ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ಮೈಲುತುತ್ತದ ದ್ರಾವಣದಲ್ಲಿ ಅದ್ದುವ ಪ್ರಯೋಗವಿದೆ. ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಮೊಳೆಯ ಮೇಲೆ ಬಂದು ಕೂರುತ್ತದೆ. ಪ್ರತಿ ಜೂನ್‌ನಲ್ಲಿ ಮಕ್ಕಳೆದುರು ಮಾಡಿ ತೋರಿಸಿದ ಪ್ರಯೋಗ ಅದು. ಸುಣ್ಣ ಕಡಿಮೆಯಾದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ, ಅಂಥ ದ್ರಾವಣ ಎಳೆಯ ಕಾಯಿಯನ್ನೂ ಸೋಗೆಯನ್ನೂ (ಅಡಿಕೆಯ ಗರಿ) ಸುಡುತ್ತದೆ. ನಾನು ಅವರಿಗೆ ಅದರ ಕಾರಣ ವಿವರಿಸಿದೆ. ಅವರು ಚೂರಿ ಒರೆಸುತ್ತ ಗಮನವಿಟ್ಟು ಕೇಳಿದರು. ಮತ್ತಷ್ಟು ಸುಣ್ಣದ ತಿಳಿ ಹಾಕಿ ಕಲಕಿ ಮತ್ತೆ ಅದ್ದಿದೆವು. ಅಲಗು ಬೆಳ್ಳಗೇ ಇತ್ತು. ಸೀಮೆಸುಣ್ಣ ಹಿಡಿದ ಕಾಲದ ಕಲಿಕೆಯೆಲ್ಲ ಹೊಳೆಗೆ ಹೋಯಿತು ಎಂದು ನಾನು ಕೊರಗುತ್ತಿದ್ದವನು. ಆ ಮಧ್ಯಾಹ್ನದ ನಂತರ ಆ ಕೊರಗು ಮತ್ತೆ ಬರಲಿಲ್ಲ.

ಇನ್ನು ಪುಟದ ಕೊನೆಗೆ ಇಳಿಸಿದ್ದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದನ್ನು ಬಿಟ್ಟು, ಜನರ ಕಣ್ಣಿಗೆ ಬೇಗ ಬೀಳುವುದೇ ಸರಿ ಎಂದು ತೀರ್ಮಾನಿಸಿದೆ. ಕೆಲಸ ಒಪ್ಪಿಕೊಳ್ಳುವಾಗ ಬಸ್ಸು ಓಡಾಡುವ ರಸ್ತೆಯಂಚಿನ ತೋಟವನ್ನು ಬೇಕೆಂದೇ ಮೊದಲಿಗೆ ಹಾಕಿಕೊಂಡೆ. ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಬೈಕ್ ನಿಲ್ಲಿಸಿ, “ಮಾಸ್ತರೇ, ಇದೇನು ಇಲ್ಲಿ?” ಎಂದರು. “ಕೊನೆಕೊಯ್ಲು” ಎಂದೆ. ಸ್ವಲ್ಪ ಹೊತ್ತು ಮೇಲೆ ನೋಡಿ, ಒಂದು ಆಳಿಗೆ ದಿನಕ್ಕೆ ಎಷ್ಟು ಮರ ಆಗುತ್ತದೆ, ತಮ್ಮ ತೋಟಕ್ಕೆ ಯಾವಾಗ ಬರಬಹುದು ಎಂದು ಕೇಳಿ ಹೋದರು. ತಿಂಗಳುಗಟ್ಟಲೆ ನಿದ್ದೆಗೆಡಿಸಿದ ಮಾತು ಅಷ್ಟರಲ್ಲಿ ಮುಗಿದಿತ್ತು. ಎಲ್ಲರೂ ಹಾಗಿರಲಿಲ್ಲ ಎಂಬುದೂ ನಿಜ. ನೆಂಟರ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಕೇಳಿದ ಒಂದು ಮಾತು ಈಗಲೂ ಚುಚ್ಚುತ್ತದೆ. ಚುಚ್ಚಿದರೂ ಮರುದಿನ ಬೆಳಗ್ಗೆ ಯಾರದೋ ತೋಟಕ್ಕೆ ಮಾತು ಕೊಟ್ಟಿರುತ್ತೇನೆ, ಎದ್ದು ಹೋಗಲೇಬೇಕು. ಆ ಒಪ್ಪಿಕೊಂಡ ಕೆಲಸ ನನ್ನನ್ನು ಕಾಪಾಡಿದಷ್ಟು ಯಾವ ಸಮಾಧಾನದ ಮಾತೂ ಕಾಪಾಡಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ನವೆಂಬರಿನಿಂದ ಫೆಬ್ರವರಿ ದಾಟುವವರೆಗೆ ಕೊಯ್ಲು, ಮಳೆಗಾಲದಲ್ಲಿ ಮದ್ದು, ನಡುವೆ ಖಾಲಿ. ಆ ಖಾಲಿ ತಿಂಗಳುಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಕೊಯ್ಲಿನ ಕಾಲದ ದುಡಿಮೆಯಲ್ಲಿ ಒಂದು ಪಾಲನ್ನು ಹೆಂಡತಿ ಸೊಸೈಟಿಯ ಖಾತೆಗೆ ಹಾಕಿ ಮಳೆಗಾಲದವರೆಗೆ ಮುಟ್ಟುವುದಿಲ್ಲ. ವರ್ಷದ ಒಟ್ಟು ಲೆಕ್ಕ ಹಳೆಯ ಸಂಬಳಕ್ಕಿಂತ ಕಡಿಮೆಯಿಲ್ಲ, ಆದರೆ ತಿಂಗಳ ಮೊದಲ ತಾರೀಕಿನ ನೆಮ್ಮದಿ ಮಾತ್ರ ಹೋಯಿತು. ಅದು ಮರಳಿ ಬರುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ.

ಒಂದು ಭಯವನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಹಗುರವಾದ ಕರಿಯ ಕೊಳವೆ ನೋಡಿ ಪ್ಲಾಸ್ಟಿಕ್ ಎಂದುಕೊಳ್ಳುವವರಿದ್ದಾರೆ, ಅದು ಪ್ರಾಣಕ್ಕೆ ಎರವಾಗುವ ತಿಳಿವಳಿಕೆ. ತೋಟಕ್ಕೆ ಕಾಲಿಟ್ಟೊಡನೆ ಮೊದಲು ತಂತಿ ಎಲ್ಲಿ ಹಾದಿದೆ ಎಂದು ನೋಡುತ್ತೇನೆ. ತಂತಿಯ ಪಕ್ಕದ ಸಾಲನ್ನು, ಯಜಮಾನರು ಎಷ್ಟೇ ಒತ್ತಾಯಿಸಿದರೂ, ಲೈನ್ ತೆಗೆಸದೆ ಮುಟ್ಟುವುದಿಲ್ಲ. ಎಲ್ಲ ಭಯವನ್ನೂ ಗೆಲ್ಲಬೇಕು ಎನ್ನುವವರು ಒಮ್ಮೆ ಈ ಕೆಲಸಕ್ಕೆ ಬಂದು ನೋಡಬೇಕು.

ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬಿದೆ. ಕೊನೆಗೆ ಹೊಡೆದ ಹಾಗೆ ಸೋಗೆಗೂ ಹೊಡೆಯಬೇಕು, ಅದರ ಔಷಧ, ಅದರ ಹೊತ್ತು ಬೇರೆ. ಅದನ್ನು ಕಲಿಯಲು ಈಗ ಮತ್ತೆ ಬಲ್ಲವರ ಅಂಗಳಕ್ಕೆ ಹೋಗುತ್ತಿದ್ದೇನೆ. ಎದೆ ಈಗಲೂ ಸ್ವಲ್ಪ ಹೊಡೆದುಕೊಳ್ಳುತ್ತದೆ, ಗೇಟಿನವರೆಗೆ ಮಾತ್ರ.

ಅಂಗಡಿ ಮುಚ್ಚಿದವರು, ಮುಂಬಯಿಯಿಂದ ಮರಳಿದವರು, ದೋಟಿ ಕಲಿಯಬೇಕೆಂದು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೊಯ್ಲಿಗೆ ಬರುತ್ತೇನೆ ಎನ್ನುತ್ತಾರೆ. ಬೇಡ, ಜೂನ್‌ನಲ್ಲಿ ಮದ್ದಿನ ಕಾಲಕ್ಕೆ ಬನ್ನಿ ಎನ್ನುತ್ತೇನೆ. ಸುಣ್ಣ ಕಡಿಮೆಯಾದರೆ ಮತ್ತೆ ಸೇರಿಸಬಹುದು, ಕೊಯ್ದ ಕೊನೆಯನ್ನು ಮತ್ತೆ ಮರಕ್ಕೆ ಕಟ್ಟಲಾಗುವುದಿಲ್ಲ. ಮಳೆಗಾಲದ ತೋಟದಲ್ಲಿ ನೋಡುವ ಜನವೂ ಕಡಿಮೆ, ಕಲಿಯುವವನಿಗೆ ಅದು ಒಳ್ಳೆಯದು. ಉಂಬಳಕ್ಕೆ (ಜಿಗಣೆಗೆ) ಕಾಲಿಗೆ ಹಚ್ಚಿಕೊಳ್ಳಲು ಏನಾದರೂ ತನ್ನಿ, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕವಿರಲಿ. ಮೊದಲ ವಾರ ಡ್ರಮ್ಮಿನ ಬಳಿ ನಿಂತು ಸುಣ್ಣ ಸೋಸಿ ಕಲಕುವ ಕೆಲಸ.